ಬಾಣಂತನಕ್ಕಲ್ಲದ ಪ್ರಯಾಣ

ನಮ್ಮ ಸ್ಟಾಫ್ ರೂಮಿನಲ್ಲಿ ಒಂದು ಲೆಕ್ಕವಿದೆ. ಐವತ್ತು ದಾಟಿದ ಟೀಚರೊಬ್ಬಳು ವೀಸಾಕ್ಕೆ ಓಡಾಡುತ್ತಿದ್ದಾಳೆಂದರೆ ಎಲ್ಲೋ ಒಂದು ಕಡೆ ತೊಟ್ಟಿಲು ಸಿದ್ಧವಾಗುತ್ತಿದೆ ಎಂದೇ ಅರ್ಥ. ಹಾಗಾಗಿ 2023ರ ಜನವರಿಯಲ್ಲಿ ನಾನು ನಿರಾಕ್ಷೇಪಣಾ ಪತ್ರಕ್ಕೆ ಅರ್ಜಿ ಬರೆಯುತ್ತ ಕುಳಿತಾಗ ಗಣಿತದ ಟೀಚರು ಮೆಲ್ಲಗೆ, "ಮಗಳಿಗೆ ಎರಡನೆಯದಾ? ಎಷ್ಟು ತಿಂಗಳು?" ಎಂದು ಕೇಳಿದರು. "ಬಾಣಂತನಕ್ಕಲ್ಲ, ಸೈಕಲ್ ಹೊಡೆಯೋಕೆ ಹೋಗ್ತಿದ್ದೀನಿ" ಎಂದೆ. ಅವರು ಒಂದು ಗಳಿಗೆ ನನ್ನ ಮುಖ ನೋಡಿ, ಜೋಕೆಂದು ತೀರ್ಮಾನಿಸಿ, ಡಬ್ಬಿಯ ಮುಚ್ಚಳ ತೆಗೆದು ಮಂಡಕ್ಕಿ ಮುಂದಿಟ್ಟರು.

ಬಾಣಂತನಕ್ಕೆ ಹೋದದ್ದು ಅದಕ್ಕೂ ಮೊದಲು, 2019ರಲ್ಲಿ. ಬೇಸಿಗೆ ರಜೆಗೆ ಗಳಿಕೆ ರಜೆ ಜೋಡಿಸಿಕೊಂಡು ಮೂರು ತಿಂಗಳು ಮ್ಯೂನಿಕ್‌ನಲ್ಲಿದ್ದೆ. ಸೂಟ್‌ಕೇಸಿನ ತುಂಬ ಅಂಟಿನುಂಡೆ, ಶುಂಠಿ, ಓಮ, ಹಳೆಯ ಸೀರೆಯ ತುಂಡುಗಳು. ಆ ಮೂರು ತಿಂಗಳಲ್ಲಿ ನಾನು ನೋಡಿದ ಯೂರೋಪು ಎಂದರೆ ಮಗಳ ಮನೆಯ ಅಡಿಗೆ ಕಿಟಕಿ. ಮಗುವಿಗೆ ಎಣ್ಣೆ ಹಚ್ಚಿ, ನೀರೆರೆದು, ಬಟ್ಟೆ ಹಿಂಡಿ ಆ ಕಿಟಕಿಯ ಬಳಿ ನಿಂತರೆ ಕೆಳಗೆ ಇಸಾರ್ ನದಿಯ ದಂಡೆಯ ಸೈಕಲ್ ಹಾದಿ ಕಾಣುತ್ತಿತ್ತು. ಒಂದು ದಿನ ನನಗಿಂತ ಹಿರಿಯಳಾದ ಒಬ್ಬ ಹೆಂಗಸು, ಸೈಕಲ್ಲಿನ ಎರಡೂ ಕಡೆ ದೊಡ್ಡ ಚೀಲ ಇಳಿಬಿಟ್ಟುಕೊಂಡು, ಹಿಂದೆ ಮುಂದೆ ಯಾರೂ ಇಲ್ಲದೆ, ಅವಸರವೂ ಇಲ್ಲದೆ ಹೋದಳು. "ಅಷ್ಟು ಸಾಮಾನು ಹಾಕ್ಕೊಂಡು ಎಲ್ಲಿಗೇ?" ಎಂದೆ. ಮಗಳು ತಲೆ ಎತ್ತದೆ, "ಟೂರ್ ಅಮ್ಮ, ಇಲ್ಲೆಲ್ಲ ಹೋಗ್ತಾರೆ" ಎಂದಳು. ಊರಿಗೆ ಬಂದ ಮೇಲೂ ಆ ಹೆಂಗಸು ನನ್ನ ತಲೆಯಿಂದ ಇಳಿಯಲಿಲ್ಲ.

ನನಗೆ ಸೈಕಲ್ ಬಂದದ್ದೇ ತಡವಾಗಿ. ಮನೆಯಲ್ಲಿ ಅಣ್ಣನಿಗೊಂದು ಅಟ್ಲಾಸ್ ಸೈಕಲ್ ಇತ್ತು. ಅದನ್ನು ವಾರಕ್ಕೊಮ್ಮೆ ತೊಳೆದು ಒರೆಸುವ ಕೆಲಸ ನನ್ನದು, ಹತ್ತುವ ಹಕ್ಕು ಅವನದು. "ಹೆಣ್ಣುಮಕ್ಕಳು ಬಿದ್ದರೆ ಯಾರು ಜವಾಬ್ದಾರಿ?" ಎಂದು ಅಪ್ಪಯ್ಯ ಕೇಳಿದ್ದರು. ಅಣ್ಣ ಬಿದ್ದು ಮುಂಗೈ ಮುರಿದುಕೊಂಡಾಗ ಮಾತ್ರ ಯಾರೂ ಜವಾಬ್ದಾರರನ್ನು ಹುಡುಕಲಿಲ್ಲ. 2006-07ರಲ್ಲಿ ಸರಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಆರಂಭಿಸಿತಲ್ಲ, ಆಗ ನಮ್ಮ ಶಾಲೆಯ ಅಂಗಳದಲ್ಲಿ ಸಾಲಾಗಿ ನಿಂತ ಹೊಸ ಸೈಕಲ್ಲುಗಳ ಪಟ್ಟಿ ಬರೆದವಳು ನಾನೇ. ಒಂದೇ ವಾರದಲ್ಲಿ ಹುಡುಗಿಯರು ಹಕ್ಕಿಗಳಂತೆ ಬರತೊಡಗಿದರು. ಅವರಲ್ಲೊಬ್ಬಳು, ಸಮಾಜ ವಿಜ್ಞಾನದಲ್ಲಿ ಮೂವತ್ತೈದಕ್ಕಿಂತ ಹೆಚ್ಚು ಅಂಕ ತೆಗೆಯದವಳು, ಶನಿವಾರ ಮಧ್ಯಾಹ್ನ ಶಾಲೆ ಖಾಲಿಯಾದ ಮೇಲೆ ಹಿಂದಿನಿಂದ ಸೀಟು ಹಿಡಿದು ಓಡುತ್ತ ನನಗೆ ಕಲಿಸಿದಳು. ಮೂವತ್ತೇಳು ವರ್ಷದ ಟೀಚರಿಗೆ ಎಂಟನೆ ಕ್ಲಾಸಿನ ಗುರು. "ಮಿಸ್, ಕೆಳಗೆ ನೋಡಬೇಡಿ, ಮುಂದೆ ನೋಡಿ" ಎಂದು ಗದರಿಸುತ್ತಿದ್ದಳು.

ಇನ್ನು ಯೋಜನೆಯ ವಿಷಯ. ನಮ್ಮ ಶಾಲೆಯ ಗೋಡೆಯ ಭೂಪಟದಲ್ಲಿ ಅಂಗೈಯಷ್ಟಿರುವ ಯೂರೋಪನ್ನು ಎಷ್ಟೋ ಸಲ ಕೋಲಿನಿಂದ ತೋರಿಸಿದ್ದೇನೆ. ಈಗ ಅದರೊಳಗೆ ಹಾದಿ ಹುಡುಕಬೇಕಿತ್ತು. ಫ್ರಾನ್ಸಿನ ಅಟ್ಲಾಂಟಿಕ್ ಕರಾವಳಿಯಿಂದ ಹೊರಟು ಕಪ್ಪು ಸಮುದ್ರದವರೆಗೆ ನದಿಗಳ ದಂಡೆಯಲ್ಲೇ ಸಾಗುವ ಸೈಕಲ್ ಮಾರ್ಗವೊಂದಿದೆ. ಅದಕ್ಕೆ ಯೂರೋವೆಲೋ ಆರು ಎಂದು ಹೆಸರು, ನಾಲ್ಕು ಸಾವಿರ ಕಿಲೋಮೀಟರಿಗೂ ಉದ್ದ. ಅಷ್ಟೆಲ್ಲ ಹೋಗಲು ನನಗೆ ರಜೆಯೂ ಇಲ್ಲ, ಮೊಣಕಾಲೂ ಇಲ್ಲ. ಅದರದೇ ಒಂದು ತುಂಡು ಜರ್ಮನಿಯ ಪಾಸೌ ಊರಿನಿಂದ ಆಸ್ಟ್ರಿಯದ ವಿಯೆನ್ನಾಕ್ಕೆ ಡ್ಯಾನ್ಯೂಬ್ ನದಿಯ ಜೊತೆ ಹೋಗುತ್ತದೆ. ಸುಮಾರು 320 ಕಿಲೋಮೀಟರು, ಬಹುಪಾಲು ಸಮತಟ್ಟು, ನದಿ ಹರಿಯುವ ದಿಕ್ಕಿಗೇ ನಾವೂ ಹೋಗುವುದು. ಹಿಂದೆ ಹಡಗುಗಳನ್ನು ಪ್ರವಾಹಕ್ಕೆದುರಾಗಿ ಕುದುರೆಗಳಿಂದ ಎಳೆಸುತ್ತಿದ್ದರಂತೆ. ಆ ಕುದುರೆಗಳು ನಡೆದ ದಾರಿಯೇ ಹಲವು ಕಡೆ ಇಂದಿನ ಸೈಕಲ್ ಹಾದಿ. ಒಂಬತ್ತು ದಿನ ಎಂದು ಭಾಗಿಸಿದೆ. ದಿನಕ್ಕೆ ಮೂವತ್ತೈದೋ ನಲವತ್ತೋ.

ಅಭ್ಯಾಸಕ್ಕೆ ಸಾಗರದಿಂದ ಇಕ್ಕೇರಿಗೆ, ಕೆಳದಿಗೆ, ಬೆಳಿಗ್ಗೆ ಹಾಲಿನವರು ಏಳುವ ಹೊತ್ತಿಗೆ ಹೊರಡುತ್ತಿದ್ದೆ. ಮಲೆನಾಡಿನ ಏರಿಳಿತದಲ್ಲಿ ಪಳಗಿದ ಕಾಲಿಗೆ ಸಮತಟ್ಟು ಹೆದರಿಕೆಯೇ ಅಲ್ಲ ಎಂಬ ಜಂಬವೂ ಬಂತು. ದುಪಟ್ಟಾ ಒಮ್ಮೆ ಚೈನಿಗೆ ಸಿಕ್ಕಿ ಅಘೋರೇಶ್ವರನ ಎದುರಿಗೇ ಸಾಷ್ಟಾಂಗ ಬಿದ್ದ ಮೇಲೆ ದುಪಟ್ಟಾ ಬಿಟ್ಟೆ, ಜಂಬ ಬಿಡಲಿಲ್ಲ. ವೀಸಾಕ್ಕೆ ಬ್ಯಾಂಕಿನ ಲೆಕ್ಕ, ಮೂವತ್ತು ಸಾವಿರ ಯೂರೋದ ಆರೋಗ್ಯ ವಿಮೆ, ಮೇಲಧಿಕಾರಿಗಳ ಪತ್ರ. ಆ ಪತ್ರ ಕೊಡುವ ಮೇಜಿನಲ್ಲಿದ್ದವರು 'ಪ್ರಯಾಣದ ಉದ್ದೇಶ' ಎಂಬಲ್ಲಿ ನಾನು ಬರೆದದ್ದನ್ನು ಹೊಡೆದುಹಾಕಿ 'ಮಗಳ ಭೇಟಿ' ಎಂದು ತಾವೇ ತಿದ್ದಿದರು. ಅದೂ ಸುಳ್ಳಲ್ಲವಾದ್ದರಿಂದ ಸುಮ್ಮನಾದೆ. ನಮ್ಮವರು ಮಾತ್ರ ಹೆಚ್ಚು ಮಾತಾಡಲಿಲ್ಲ. "ಪಂಕ್ಚರ್ ಹಾಕೋಕೆ ಬರುತ್ತಾ?" ಎಂದು ಕೇಳಿ, ಬರುವುದಿಲ್ಲವೆಂದಾಗ ಪೇಟೆಯ ಸೈಕಲ್ ಷಾಪಿನಲ್ಲಿ ಎರಡು ಸಂಜೆ ನನ್ನನ್ನು ಸ್ಟೂಲಿನ ಮೇಲೆ ಕೂರಿಸಿದರು. ಮೂವತ್ತು ವರ್ಷದ ಸಂಸಾರದಲ್ಲಿ ನನಗವರು ಕೊಟ್ಟ ಉಡುಗೊರೆಗಳಲ್ಲಿ ಇದನ್ನು ಮೇಲೆಯೇ ಇಡುತ್ತೇನೆ.

ಅದೇ ದಿನಗಳಲ್ಲಿ ಐರ್ಲೆಂಡಿನ ಡರ್ವ್ಲಾ ಮರ್ಫಿಯ ವಿಷಯ ಓದಿದೆ. ಹತ್ತನೆಯ ಹುಟ್ಟುಹಬ್ಬಕ್ಕೆ ಅವಳಿಗೆ ಒಂದು ಸೈಕಲ್ಲೂ ಒಂದು ಅಟ್ಲಾಸೂ ಬಂತು. ಆಗಲೇ ಇಂಡಿಯಾಕ್ಕೆ ಸೈಕಲ್ಲಿನಲ್ಲಿ ಹೋಗುತ್ತೇನೆ ಎಂದು ನಿಶ್ಚಯಿಸಿದಳಂತೆ. ಆದರೆ ತಾಯಿ ಸಂಧಿವಾತದಿಂದ ಹಾಸಿಗೆ ಹಿಡಿದರು. ಹದಿನಾಲ್ಕಕ್ಕೆ ಶಾಲೆ ಬಿಟ್ಟು ಅವರ ಸೇವೆಗೆ ನಿಂತವಳು ಹೊರಟದ್ದು ತಾಯಿ ತೀರಿಕೊಂಡ ಮೇಲೆ, 1963ರ ಜನವರಿಯಲ್ಲಿ, ತನ್ನ ಮೂವತ್ತೊಂದನೆಯ ವಯಸ್ಸಿನಲ್ಲಿ. ಹಿಮಗಟ್ಟಿದ ಯೂರೋಪನ್ನು ದಾಟಿ, ಇರಾನ್, ಆಫ್ಘಾನಿಸ್ತಾನಗಳ ಮೂಲಕ ಒಬ್ಬಳೇ ದೆಹಲಿಗೆ ಬಂದಳು. ಹತ್ತು ವರ್ಷದ ನಂತರ ಐದು ವರ್ಷದ ಮಗಳನ್ನು ಕಟ್ಟಿಕೊಂಡು ನಮ್ಮ ಕೊಡಗಿಗೂ ಬಂದು ಇದ್ದು, ಅದರ ಮೇಲೆ ಪುಸ್ತಕವನ್ನೂ ಬರೆದಳು. 2022ರಲ್ಲಿ ತೀರಿಕೊಂಡಳು. ಅವಳ ಸಾಹಸದ ಭಾಗವನ್ನು ಎಲ್ಲರೂ ಹೇಳುತ್ತಾರೆ. ನಾನು ಮತ್ತೆ ಮತ್ತೆ ನೆನೆದದ್ದು ಹೊರಡುವ ಮುನ್ನಿನ ಆ ಹದಿನಾರು ವರ್ಷಗಳನ್ನು. ರಾತ್ರಿ ತಾಯಿಯ ಮಗ್ಗುಲು ಬದಲಿಸಿ ಬಂದು ಮಲಗಿದಾಗ ಅವಳಿಗೆ ಅಟ್ಲಾಸಿನ ಮೇಲೆ ಸಿಟ್ಟು ಬರುತ್ತಿತ್ತೋ ಏನೋ.

ಮಗಳೊಡನೆ ಜಗಳವಾದದ್ದು ಮ್ಯೂನಿಕ್ ತಲುಪಿದ ಮೂರನೆಯ ದಿನ. ಜಗಳವೆಂದರೆ ನಮ್ಮಿಬ್ಬರಲ್ಲಿ ದನಿ ಏರುವುದಿಲ್ಲ, ಪಾತ್ರೆಗಳ ಸದ್ದು ಏರುತ್ತದೆ. ಅಳಿಯನಿಗೆ ಆಫೀಸಿನ ಪ್ರವಾಸ, ಅವಳಿಗೆ ಕೆಲಸದ ಒತ್ತಡ. ನಾನು ಸೈಕಲ್ಲಿನ ಮಾತನ್ನು ಊರಿನಿಂದಲೇ ಹೇಳಿದ್ದೆ. ಎರಡು ದಿನ ಎಲ್ಲೋ ಸುತ್ತಿ ಬರುತ್ತಾಳೆ ಎಂದುಕೊಂಡಿದ್ದಳಂತೆ. "ನಾಲ್ಕು ವರ್ಷಕ್ಕೆ ಒಂದು ಸಲ ಬರ್ತೀಯ. ಅದರಲ್ಲಿ ಒಂಬತ್ತು ದಿನ ನಿನ್ನ ಮೊಮ್ಮಗನಿಗಿಂತ ಆ ನದಿ ಹೆಚ್ಚಾಯ್ತು" ಎಂದಳು. ಉತ್ತರವಿರಲಿಲ್ಲ. ನಿಜಕ್ಕೂ ಇರಲಿಲ್ಲ. ಅವಳ ಬಾಣಂತನ ನಾನು ಮಾಡಿದೆ, ನನ್ನದನ್ನು ನಮ್ಮಮ್ಮ ಮಾಡಿದ್ದಳು. ನಮ್ಮಮ್ಮ ಸಾಯುವ ಮೊದಲು ಕಂಡ ಅತಿ ದೂರದ ಊರು ಧರ್ಮಸ್ಥಳ. ಇದನ್ನೆಲ್ಲ ಹೇಳಬಹುದಿತ್ತು. ಹೇಳಿದರೆ ಲೆಕ್ಕ ಕೇಳಿದಂತಾಗುತ್ತದೆ ಎಂದು ಫ್ರಿಜ್ಜಿನಲ್ಲಿ ಒಂಬತ್ತು ದಿನಕ್ಕಾಗುವ ಸಾರಿನ ಪುಡಿ, ಚಪಾತಿ, ಗೊಜ್ಜುಗಳನ್ನು ಜೋಡಿಸಿಟ್ಟು ಹೊರಟೆ. ಅವಳು ಬಾಗಿಲವರೆಗೆ ಬಂದಳು, ಕೈ ಬೀಸಲಿಲ್ಲ.

ಪಾಸೌದಲ್ಲಿ ಮೂರು ನದಿಗಳು ಕೂಡುತ್ತವೆ: ಇನ್, ಇಲ್ಜ್, ಡ್ಯಾನ್ಯೂಬ್. ಇಲ್ಜ್‌ನ ನೀರು ಕಪ್ಪು, ಇನ್‌ನದು ತಿಳಿ ಹಸಿರು. ಸ್ವಲ್ಪ ದೂರ ಬಣ್ಣ ಬಣ್ಣವಾಗಿಯೇ ಹರಿದು ಆಮೇಲೆ ಬೆರೆಯುತ್ತವೆ. ಬಾಡಿಗೆ ಸೈಕಲ್ಲನ್ನು ಇಲ್ಲಿ ತೆಗೆದುಕೊಂಡು ವಿಯೆನ್ನಾದಲ್ಲಿ ಹಿಂತಿರುಗಿಸಬಹುದು. ಏಳು ಗೇರು, ಎರಡು ಚೀಲ, ಹೆಲ್ಮೆಟ್ಟು. ಆದರೆ ಅಲ್ಲಿಯ ಕೆಲವು ಸೈಕಲ್ಲುಗಳಿಗೆ ಪೆಡಲನ್ನು ಹಿಂದಕ್ಕೆ ತುಳಿದರೆ ಬ್ರೇಕು ಬೀಳುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ. ನಮ್ಮಲ್ಲಿ ಸುಮ್ಮನೆ ಹಿಂದಕ್ಕೆ ತಿರುಗಿಸುತ್ತ ಕಿರ್‌ಕಿರ್ ಸದ್ದು ಕೇಳುವುದೇ ಒಂದು ಮೋಜಲ್ಲವೆ? ಅಂಗಡಿಯಿಂದ ನೂರು ಹೆಜ್ಜೆ ಹೋಗಿ ಆ ಮೋಜಿಗೆ ಕೈ ಹಾಕಿದೆ, ಅಲ್ಲ, ಕಾಲು ಹಾಕಿದೆ. ಸೈಕಲ್ ಗಕ್ಕನೆ ನಿಂತಿತು, ನಾನು ನಿಲ್ಲಲಿಲ್ಲ. ಮೊಣಕೈ ತರಚಿತು. ಬಿದ್ದರೆ ಯಾರು ಜವಾಬ್ದಾರಿ ಎಂಬ ಪ್ರಶ್ನೆಗೆ ನಲವತ್ತು ವರ್ಷದ ಮೇಲೆ ಉತ್ತರ ಸಿಕ್ಕಿ, ಎದ್ದು ಧೂಳು ಕೊಡವಿಕೊಂಡೆ.

ಆಮೇಲಿನ ಎರಡು ದಿನ ಎಷ್ಟು ಹೇಳಿದರೂ ಸಾಲದು. ಎಡಗಡೆ ನದಿ, ಬಲಗಡೆ ಕಾಡಿನ ಗುಡ್ಡ, ನಡುವೆ ಮೂರು ಮಾರಿನ ಡಾಂಬರು. ದಂಡೆಯಲ್ಲಿ ಅಲ್ಲಲ್ಲಿ ಕಿಲೋಮೀಟರಿನ ಹಲಗೆಗಳು. ಮೊದಲನೆಯದು ಎರಡು ಸಾವಿರದ ಇನ್ನೂರಕ್ಕೂ ಮೇಲಿತ್ತು, ಮುಂದೆ ಹೋದಂತೆ ಸಂಖ್ಯೆ ಇಳಿಯುತ್ತಿತ್ತು. ತಪ್ಪು ದಿಕ್ಕಿಗೆ ಬಂದೆನೇನೋ ಎಂದು ಗಾಬರಿಯಾಯಿತು. ಡ್ಯಾನ್ಯೂಬನ್ನು ಅಳೆಯುವುದು ಉಗಮದಿಂದಲ್ಲ, ಅದು ಕಪ್ಪು ಸಮುದ್ರ ಸೇರುವ ಕೊನೆಯಿಂದ! ಭೂಗೋಳ ಹೇಳಿಕೊಡುವ ನನಗೆ ಇದು ಗೊತ್ತಿರಲಿಲ್ಲ. ಶ್ಲೋಗೆನ್ ಎಂಬಲ್ಲಿ ನದಿ ಗುಡ್ಡಕ್ಕೆ ಮುಖಕೊಟ್ಟು, ಹೇರ್‌ಪಿನ್ನಿನಂತೆ ಬಾಗಿ, ಬಂದ ದಿಕ್ಕಿಗೇ ತಿರುಗಿಬಿಡುತ್ತದೆ. ಅಲ್ಲಿ ಸೈಕಲ್ಲಿನವರಿಗೆಂದೇ ಪುಟ್ಟ ದೋಣಿಯಿದೆ. ಇನ್ನೂ ಮುಂದೆ ಓಟೆನ್ಸ್‌ಹೈಮ್‌ನಲ್ಲಿ ಎಂಜಿನ್ನೇ ಇಲ್ಲದ ದೊಡ್ಡ ದೋಣಿ. ನದಿಯ ಮೇಲೆ ಅಡ್ಡಕ್ಕೆ ಕಟ್ಟಿದ ತಂತಿಗೆ ತಗುಲಿಹಾಕಿದ್ದಾರೆ. ನೀರಿನ ಸೆಳವಿಗೆ ದೋಣಿಯನ್ನು ಓರೆಯಾಗಿ ಒಡ್ಡಿದರೆ ಪ್ರವಾಹವೇ ಅದನ್ನು ಆಚೆ ದಡಕ್ಕೆ ತಳ್ಳುತ್ತದೆ. ಕಾರುಗಳೂ ಅದರ ಮೇಲೆಯೇ ಸದ್ದಿಲ್ಲದೆ ದಾಟುತ್ತವೆ.

ಮೂರನೆಯ ದಿನ ಮಳೆ. ನಮ್ಮ ಆಷಾಢದ ಮಳೆ ಗೊತ್ತು. ಆದರೆ ಅದು ಚಳಿ ತರುವುದಿಲ್ಲ, ಹೀಗೆ ಎಲುಬಿಗೆ ಇಳಿಯುವುದಿಲ್ಲ. ಲಿಂಜ್ ನಗರಕ್ಕೆ ಇನ್ನೂ ಹತ್ತು ಕಿಲೋಮೀಟರು ಇರುವಾಗ ಬೆರಳು ಮರಗಟ್ಟಿ ಬ್ರೇಕು ಹಿಡಿಯಲಾಗಲಿಲ್ಲ. ಬಸ್ ತಂಗುದಾಣದೊಳಗೆ ನುಗ್ಗಿ ಕುಳಿತು ಅತ್ತುಬಿಟ್ಟೆ. ಐವತ್ತನಾಲ್ಕು ವರ್ಷದವಳಿಗೆ ಇದೆಲ್ಲ ಯಾಕೆ ಬೇಕಿತ್ತು, ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಬಿಸಿ ಅನ್ನ ಕಲಸಬಾರದಿತ್ತೆ ಎಂದೆಲ್ಲ. ಆಗಲೇ ಫೋನು ಬಂತು. ಮೂರು ದಿನದಲ್ಲಿ ಅವಳು ಮಾಡಿದ ಮೊದಲ ಫೋನು.

"ಎಲ್ಲಿದ್ದೀಯ?"

"ಲಿಂಜ್ ಹತ್ತಿರ ಬಂದೆ. ಬಿಸಿಲು ಚೆನ್ನಾಗಿದೆ."

ಅವಳು ಒಂದು ಗಳಿಗೆ ಸುಮ್ಮನಿದ್ದು, "ಅಮ್ಮ, ಅಲ್ಲಿಯ ಹವಾಮಾನ ದಿನಕ್ಕೆ ಹತ್ತು ಸಲ ಮೊಬೈಲಲ್ಲಿ ನೋಡ್ತಿದ್ದೀನಿ. ಕಾಲುಚೀಲ ಬದಲಾಯಿಸು" ಎಂದಳು.

ಬದಲಾಯಿಸುತ್ತಿದ್ದಾಗ ಮುದುಕಿಯೊಬ್ಬಳು ಸೈಕಲ್ಲಿಳಿದು ಒಳಗೆ ಬಂದಳು. ನನ್ನ ಒದ್ದೆ ಸೀಟನ್ನು ನೋಡಿ ತ್ಚು ತ್ಚು ಎಂದು, ತನ್ನ ಚೀಲದಿಂದ ಸ್ನಾನಕ್ಕೆ ತಲೆಗೆ ಹಾಕಿಕೊಳ್ಳುವ ಪ್ಲಾಸ್ಟಿಕ್ ಟೋಪಿ ತೆಗೆದು ಸೀಟಿಗೆ ತೊಡಿಸಿದಳು. ನನಗೆ ಜರ್ಮನ್ ಬಾರದು, ಅವಳಿಗೆ ಇಂಗ್ಲಿಷ್ ಬಾರದು. ನಾನು ಎರಡು ಚಕ್ಕುಲಿ ಕೊಟ್ಟೆ.

ಮೌಟ್‌ಹೌಸೆನ್ ಎಂಬ ಹೆಸರನ್ನು ನಾನು ಪಾಠದಲ್ಲಿ ಒಮ್ಮೆಯೂ ಹೇಳಿರಲಿಲ್ಲ. ಪಠ್ಯದಲ್ಲಿ ನಾಜಿಗಳ ಶಿಬಿರಗಳಿಗೆ ಇರುವುದು ಎರಡು ಸಾಲು. ನದೀದಂಡೆಯ ಚೆಂದದ ಊರು. ಮೇಲಿನ ಗುಡ್ಡದ ಮೇಲೆ 1938ರಿಂದ 1945ರವರೆಗೆ ಸೆರೆಶಿಬಿರವಿತ್ತು. ಏರು ಕಡಿದಾಗಿದ್ದರಿಂದ ಸೈಕಲ್ ತಳ್ಳಿಕೊಂಡು ಹೋದೆ. ಅಲ್ಲಿಯೂ ಅದರ ಉಪಶಿಬಿರಗಳಲ್ಲಿಯೂ ಸುಮಾರು ಒಂದು ಲಕ್ಷ ತೊಂಬತ್ತು ಸಾವಿರ ಜನರನ್ನು ಕೂಡಿಹಾಕಿದ್ದರು. ಸತ್ತವರು ತೊಂಬತ್ತು ಸಾವಿರಕ್ಕೆ ಕಡಿಮೆಯಿಲ್ಲ. ಕಲ್ಲಿನ ಗಣಿಯಿಂದ ಮೇಲಕ್ಕೆ 186 ಮೆಟ್ಟಿಲು. ಗ್ರಾನೈಟಿನ ದಿಂಡುಗಳನ್ನು ಬೆನ್ನ ಮೇಲೆ ಹೊರಿಸಿ ಅವನ್ನು ಹತ್ತಿಸುತ್ತಿದ್ದರು. ಮೇ 5 ಬಿಡುಗಡೆಯ ದಿನ. ನಾನು ಹೋದಾಗ ಸ್ಮಾರಕಗಳ ಬುಡದಲ್ಲಿ ಹೂಮಾಲೆಗಳು ಇನ್ನೂ ಇದ್ದವು. ನಾನು ಮೇಲಿನಿಂದಲೇ ಆ ಮೆಟ್ಟಿಲು ನೋಡಿದೆ. ಕೆಳಗೆ ಹಸಿರು ಬೆಳೆದಿತ್ತು, ಹಕ್ಕಿ ಕೂಗುತ್ತಿತ್ತು. ಅಂದು ಸಂಜೆ ಊಟ ಸೇರಲಿಲ್ಲ. ಜೂನಿನಲ್ಲಿ ಶಾಲೆ ಸುರುವಾದಾಗ ಹತ್ತನೆಯ ತರಗತಿಯಲ್ಲಿ ಆ ಎರಡು ಸಾಲಿಗೆ ಒಂದು ಪೂರ್ತಿ ಪೀರಿಯಡ್ಡು ತೆಗೆದುಕೊಂಡೆ.

ಮೆಲ್ಕ್‌ನ ಬಂಡೆಯ ಮೇಲಿನ ಹಳದಿ ಬಣ್ಣದ ಮಹಾ ಮಠವನ್ನು ದಾಟಿದರೆ ವಾಖಾವ್ ಕಣಿವೆ. ದ್ರಾಕ್ಷಿಯ ಮೆಟ್ಟಿಲು ತೋಟಗಳು, ಏಪ್ರಿಕಾಟ್ ಮರಗಳು. ಹಣ್ಣಿಗೆ ಜುಲೈ ಬರಬೇಕು. ಮೇ ತಿಂಗಳಲ್ಲಿ ಕೊಂಬೆ ತುಂಬ ಹಸಿರು ಕಾಯಿ, ಥೇಟ್ ನಮ್ಮ ಮಿಡಿಯಂತೆ. ಉಪ್ಪಿನ ಭರಣಿಯ ನೆನಪಾಗಿ ಕೈ ತುರಿಸಿತು, ಆದರೆ ಪರರ ತೋಟ. ಅದರ ಹಣ್ಣಿಟ್ಟು ಮಾಡುವ ಕಡುಬನ್ನು ಹೋಟೆಲಿನಲ್ಲಿ ತಿಂದೆ. ನಮ್ಮ ಕಡುಬಿನ ದೂರದ ಸೋದರಸಂಬಂಧಿ.

ಈ ಕಣಿವೆಯಲ್ಲಿ ವಿಲ್ಲೆನ್‌ಡಾರ್ಫ್ ಎಂಬ ಹಳ್ಳಿಯಿದೆ. 1908ರಲ್ಲಿ ರೈಲು ಹಾದಿಯ ಕೆಲಸ ನಡೆದಿದ್ದಾಗ ಅಲ್ಲಿ ಒಂದು ಹೆಣ್ಣಿನ ಕಲ್ಲಿನ ಬೊಂಬೆ ಸಿಕ್ಕಿತು. ಹನ್ನೊಂದು ಸೆಂಟಿಮೀಟರು ಎತ್ತರ, ಸುಮಾರು ಮೂವತ್ತು ಸಾವಿರ ವರ್ಷ ಹಳೆಯದು. ದೊಡ್ಡ ಮೊಲೆ, ಜೋತ ಹೊಟ್ಟೆ, ತುಂಬು ತೊಡೆ. ತಲೆಯ ಸುತ್ತ ಜಡೆಯೋ ಟೋಪಿಯೋ ಹೆಣೆದಿದೆ, ಮುಖವೇ ಇಲ್ಲ. ಪಾದಗಳೂ ಇಲ್ಲ. ನಿಲ್ಲಿಸಿದರೆ ನಿಲ್ಲದು, ಅಂಗೈಯಲ್ಲಿ ಹಿಡಿಯಬೇಕು. ವಿದ್ವಾಂಸರು ದೇವತೆ ಎನ್ನುತ್ತಾರೆ, ಫಲವಂತಿಕೆಯ ಸಂಕೇತ ಎನ್ನುತ್ತಾರೆ. ನನಗೆ ಮಾತ್ರ ಅವಳು ನಾಲ್ಕು ಹೆತ್ತು, ಎಂಟು ಬಾಣಂತನ ಮಾಡಿ ದಣಿದವಳಂತೆ ಕಂಡಳು. ಹಳ್ಳಿಯಲ್ಲಿಟ್ಟಿರುವ ದೊಡ್ಡ ಪ್ರತಿಮೆಯ ಬಳಿ ಕುಳಿತು ಬ್ರೆಡ್ಡಿಗೆ ಚಟ್ನಿಪುಡಿ ಹಚ್ಚಿ ತಿಂದೆ. ಪಾದ ಕೊಡದೆ ಹೋದರಲ್ಲ ಎಂದು ಮಾತ್ರ ಬೇಸರವಾಯಿತು.

ಟುಲ್ನ್ ಊರಿಗೆ ಮೊದಲು ಸಿಕ್ಕ ಝ್ವೆಂಟೆನ್‌ಡಾರ್ಫ್ ಅಣುಸ್ಥಾವರದ ಕತೆಯನ್ನು ನಮ್ಮ ಕೈಗಾ ಕಡೆಯವರಿಗೆ ಹೇಳಬೇಕು. ಪೂರ್ತಿ ಕಟ್ಟಿ ಮುಗಿಸಿದ ಮೇಲೆ, 1978ರಲ್ಲಿ ಜನರ ಮತ ಕೇಳಿದರು. ಕೂದಲೆಳೆಯ ಅಂತರದಲ್ಲಿ 'ಬೇಡ' ಗೆದ್ದಿತು. ಒಂದು ದಿನವೂ ನಡೆಯದೆ ಅದು ಹಾಗೇ ನಿಂತಿದೆ.

ಒಂಬತ್ತನೆಯ ದಿನ ಮಧ್ಯಾಹ್ನ ವಿಯೆನ್ನಾ. ಮಗಳು ಮಗುವಿನೊಡನೆ ಮ್ಯೂನಿಕ್‌ನಿಂದ ರೈಲಿನಲ್ಲಿ ಬಂದಿದ್ದಳು. ನಾನು ಕರೆದಿರಲಿಲ್ಲ. ಸೈಕಲ್ ಮರಳಿಸಲು ಮರುದಿನ ಬೆಳಿಗ್ಗೆಯವರೆಗೆ ಸಮಯವಿತ್ತು. ಪ್ರವಾಹ ತಡೆಯಲು ಇನ್ನೊಂದು ಕಾಲುವೆ ತೋಡಿದಾಗ ಆದ ಇಪ್ಪತ್ತೊಂದು ಕಿಲೋಮೀಟರಿನ ಉದ್ದನೆಯ ದ್ವೀಪವೊಂದು ಅಲ್ಲಿ ನದಿಯ ನಡುವೆ ಇದೆ. ಸಂಜೆ ಅಲ್ಲಿಗೆ ಹೋದೆವು. ಮಗು ಗಂಟೆ ಬಾರಿಸಿ ಬಾರಿಸಿ ಸಾಕಾಗಿ ಹುಲ್ಲಿನ ಮೇಲೆ ಕುಳಿತಿತು. ಮಗಳು ಸೈಕಲ್ಲಿನ ಸುತ್ತ ಒಂದು ಸುತ್ತು ಬಂದು, "ಮಗು ಹುಟ್ಟಿದ ಮೇಲೆ ಹತ್ತೇ ಇಲ್ಲ" ಎಂದಳು. ಸೀಟಿನ ಕೀಲು ಸಡಿಲಿಸಿ ಎರಡು ಬೆರಳಿನಷ್ಟು ಎತ್ತರಿಸಿಕೊಟ್ಟೆ. "ಹಿಂದಕ್ಕೆ ತುಳಿದರೆ ಬ್ರೇಕು, ಜೋಕೆ" ಎಂದೆ. ಹೊರಟಳು. ಐದು ನಿಮಿಷ ಎಂದವಳು ಅರ್ಧ ಗಂಟೆಯಾದರೂ ಬರಲಿಲ್ಲ.

"ಅಮ್ಮ ಎಲ್ಲಿ?" ಎಂದು ಮೊಮ್ಮಗ ಕೇಳಿದ.

"ಸೈಕಲ್ ಹೊಡೆಯೋಕೆ ಹೋಗಿದ್ದಾಳೆ, ಬರ್ತಾಳೆ" ಎಂದು ಅವನನ್ನು ಮಡಿಲಿಗೆಳೆದುಕೊಂಡು, ಚೀಲದ ತಳದಲ್ಲಿ ಉಳಿದಿದ್ದ ಚಕ್ಕುಲಿಯ ಚೂರುಗಳನ್ನು ಅವನ ಕೈಗೆ ಹಾಕಿದೆ.