ಮಾವನವರ ಪಂಚೆ, ನನ್ನ ಚೂಡಿದಾರ್

ಬೇಸಿಗೆ ರಜ ಬಂತೆಂದರೆ “ಎಲ್ಲಿಗೆ ಹೋಗೋಣ?” ಎಂಬ ಪ್ರಶ್ನೆ ನಿಮ್ಮ ಮನೆಯಲ್ಲೂ ಏಳುತ್ತದೆ, ಅಲ್ಲವೇ? ಮೈಸೂರಿನವರಾದ ನಮಗೆ ಉತ್ತರ ಒಂದೇ – ಊಟಿ. 2013ರ ಮೇ ತಿಂಗಳಲ್ಲಿ ನಾವೂ ಹೊರಟೆವು. ನಾನು, ನನ್ನವರು, ಹತ್ತು ವರ್ಷದ ಮಗಳು, ಎಪ್ಪತ್ತೈದು ದಾಟಿದ ಮಾವನವರು. ಅತ್ತೆಯವರು ಹೋಗಿ ಎರಡು ವರ್ಷವಾಗಿತ್ತು. ಮಾವನವರು ಮನೆ ಬಿಟ್ಟು ಹೊರಟದ್ದು ಆಮೇಲೆ ಅದೇ ಮೊದಲು. ಬಂಡೀಪುರ, ಮುದುಮಲೆ ಕಾಡು ದಾಟಿ, ಕಲ್ಲಟ್ಟಿಯ ಮೂವತ್ತಾರು ತಿರುವು ಹತ್ತುವಾಗ ಮಗಳು ಒಂದೊಂದನ್ನೂ ಜೋರಾಗಿ ಎಣಿಸಿದಳು. ನಾನು ಕಣ್ಣು ಮುಚ್ಚಿ ರಾಯರನ್ನು ನೆನೆದೆ.

ನನ್ನವರ ಸ್ನೇಹಿತರೊಬ್ಬರು ಅಲ್ಲಿಯ ಹಳೇ ಕ್ಲಬ್ಬೊಂದರ ಸದಸ್ಯರು. ಅವರ ಪತ್ರದಿಂದ ಮೂರು ದಿನಕ್ಕೆ ಕೋಣೆ ಸಿಕ್ಕಿತ್ತು. ಊಟಿಯ ಕ್ಲಬ್ ಎಂದರೆ 1882ರಲ್ಲಿ ಸ್ನೂಕರ್ ಆಟದ ನಿಯಮ ಬರೆದರೆನ್ನುವ ಹೆಸರಾಂತ ಕ್ಲಬ್ ನಿಮಗೆ ನೆನಪಾಗಬಹುದು. ನಾವು ಇಳಿದದ್ದು ಅದಲ್ಲ. ಅದೇ ಧಾಟಿಯ ಇನ್ನೊಂದು. ಹೆಸರು ಬೇಡ ಬಿಡಿ.

ಒಳಗೆ ಹೋದರೆ ಬ್ರಿಟಿಷರು ನಿನ್ನೆ ತಾನೇ ಎದ್ದು ಹೋದಂತೆ! ಕಿರುಗುಟ್ಟುವ ಮರದ ನೆಲ, ಗೋಡೆಯ ಮೇಲೆ ಕಾಡುಕೋಣದ ತಲೆ, ಕೋಣೆಯಲ್ಲಿ ಸೌದೆ ಉರಿಸುವ ಅಗ್ಗಿಷ್ಟಿಕೆ. ಪೇಟ ಸುತ್ತಿದ ಬೇರರ್ ಚಹಾ ತಂದಿಟ್ಟ. ಮಾಡಿಟ್ಟ ಚಹಾ ಕುಳಿತಲ್ಲಿಗೇ ಬರುವ ಸುಖ ಎಂಥದೆಂದು ನಮ್ಮಂಥ ಗೃಹಿಣಿಯರಿಗಲ್ಲದೆ ಇನ್ಯಾರಿಗೆ ಗೊತ್ತು? ಕುಡಿದ ಮೇಲೆ ಅಭ್ಯಾಸಬಲದಿಂದ ಲೋಟ ತೊಳೆಯಲು ಎದ್ದೆ. ಮಗಳು ನಕ್ಕಳು.

ಒಂದು ವಿಷಯ ಹೇಳಬೇಕು. ನಮ್ಮ ಮನೆಯಲ್ಲಿ ಸೊಸೆಯಾದವಳು ಹಿರಿಯರೆದುರು ಸೀರೆಯಲ್ಲೇ ಇರಬೇಕು. ಮದುವೆಯಾಗಿ ಬಂದ ವಾರದಲ್ಲಿ ನಾನು ಚೂಡಿದಾರ್ ಹಾಕಿದ್ದೆ. ಮಾವನವರು ಬೈಯಲಿಲ್ಲ. “ನಮ್ಮಲ್ಲಿ ಅದು ಪದ್ಧತಿ ಇಲ್ಲಮ್ಮ” ಎಂದರು, ಅಷ್ಟೇ. ಆಮೇಲೆ ಹನ್ನೆರಡು ವರ್ಷ ಅದನ್ನು ತವರಿನಲ್ಲಿ ಮಾತ್ರ ಹಾಕಿದೆ. “ಊಟಿ ಚಳಿಗೆ ಸೀರೆ ಸಾಲದು ಕಣೇ” ಎಂದು ತಂಗಿ ಹೇಳಿದ್ದರಿಂದ ಒಂದು ಜೊತೆಯನ್ನು ಸೂಟ್‌ಕೇಸಿನ ತಳದಲ್ಲಿ ಕದ್ದುಮುಚ್ಚಿ ಇಟ್ಟುಕೊಂಡಿದ್ದೆ. ತೆಗೆಯುವ ಧೈರ್ಯವಾಗಿರಲಿಲ್ಲ.

ರಾತ್ರಿ ಎಂಟಕ್ಕೆ ಊಟದ ಗಂಟೆ ಬಾರಿಸಿತು. ಮಾವನವರು ನಲವತ್ತು ವರ್ಷ ಮೇಷ್ಟ್ರ ಕೆಲಸ ಮಾಡಿದವರು. ಇಸ್ತ್ರಿ ಮಾಡಿದ ಬಿಳಿ ಕಚ್ಚೆಪಂಚೆ, ಮುಚ್ಚುಕೋಟು, ಮೇಲೊಂದು ಶಾಲು – ಮಗನ ಮದುವೆಯಲ್ಲಿ ನಿಂತಿದ್ದ ಹಾಗೇ ನಿಂತಿದ್ದರು. ಊಟದ ಮನೆಯ ಬಾಗಿಲಲ್ಲಿ ಗುಮಾಸ್ತ ಅಡ್ಡ ಬಂದ.

“ಸಾರ್, ಯಜಮಾನರು ಪ್ಯಾಂಟು, ಷೂ ಹಾಕ್ಕೊಂಡು ಬರಬೇಕು. ಪಂಚೆಗೆ ಅವಕಾಶ ಇಲ್ಲ. ರೂಲ್ಸು ಸಾರ್.”

ನನ್ನವರ ಮುಖ ಕೆಂಪಾಯಿತು. ಒಳಗಿನ ಮೇಜುಗಳಿಂದ ನಾಲ್ಕಾರು ಜನ ತಿರುಗಿ ನೋಡಿದರು. ತಲೆಗೆ ಪೇಟ ಸುತ್ತಿದ ಬೇರರ್ ಟ್ರೇ ಹಿಡಿದು ನಮ್ಮ ಪಕ್ಕದಲ್ಲೇ ಒಳಗೆ ಹೋದ. ಬಡಿಸುವವನ ಪೇಟ ಒಳಗೆ ಹೋಗಬಹುದು, ಉಣ್ಣುವವನ ಪಂಚೆ ಹೋಗಬಾರದು!

“ರೂಲ್ಸ್ ಅಂದ ಮೇಲೆ ರೂಲ್ಸೇ. ನೀವೆಲ್ಲ ಊಟ ಮಾಡಿ ಬನ್ನಿ. ನನಗೆ ಹಸಿವಿಲ್ಲ” ಎಂದು ಮಾವನವರು ಹಿಂತಿರುಗಿದರು. ‘ಹಸಿವಿಲ್ಲ’ ಎಂಬ ಮಾತಿನ ಅರ್ಥವನ್ನು ಹೆಂಗಸರಾದ ನಮಗೆ ಯಾರಾದರೂ ಹೇಳಿಕೊಡಬೇಕೇ? ನಾನೂ ಅವರ ಹಿಂದೆಯೇ ಹೊರಟೆ. ಮಗಳು, ನನ್ನವರು ನಮ್ಮ ಹಿಂದೆ.

ಆ ರಾತ್ರಿಯೇ ಮೈಸೂರಿಗೆ ಹೊರಟುಬಿಡೋಣ ಎಂದು ನನ್ನವರು ಕೂಗಾಡಿದರು. ಆದರೆ 2009ರಿಂದ ಬಂಡೀಪುರದಲ್ಲಿ ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ಗೇಟು ಮುಚ್ಚುತ್ತಿದ್ದರಲ್ಲ, ಹೋಗುವುದೆಲ್ಲಿಗೆ? ಸ್ವಲ್ಪ ಹೊತ್ತಿಗೆ ಅದೇ ಬೇರರ್ ಬಾಗಿಲು ತಟ್ಟಿದ. ಬಡಗರ ಹುಡುಗ. ಅವರ ಮಾತು ನಮ್ಮ ಕನ್ನಡಕ್ಕೆ ಹತ್ತಿರ, ಅರ್ಥವಾಗಲು ಕಷ್ಟವಾಗಲಿಲ್ಲ. ಅನ್ನ, ಮೊಸರು, ಬಿಸಿ ಚಪಾತಿ ತಂದಿದ್ದ. “ತಾತ ಉಣ್ಣದೆ ಮಲಗಬಾರದು” ಎಂದ. ನನ್ನ ಡಬ್ಬಿಯಿಂದ ಚಟ್ನಿಪುಡಿ, ಬಾಳಕದ ಮೆಣಸಿನಕಾಯಿ ಹೊರಬಂದವು. ಬೆಂಕಿಯ ಮುಂದೆ ಜಮಖಾನ ಹಾಸಿ ನಾಲ್ವರೂ ಕೂತು ಉಂಡೆವು.

ಊಟವಾದ ಮೇಲೂ ಮಾವನವರು ಬೆಂಕಿಯನ್ನೇ ನೋಡುತ್ತ ಕೂತಿದ್ದರು. ಆಮೇಲೆ, “ನಡುಗ್ತಾ ಇದೀಯಲ್ಲಮ್ಮ, ಬೆಚ್ಚಗಿರೋದು ಏನೂ ತಂದಿಲ್ವೇ?” ಎಂದರು.

“ಚೂಡಿದಾರ್ ಇದೆ ಮಾವ. ಆದರೆ...” ಎಂದೆ.

ಅವರು ತುಂಬಾ ಹೊತ್ತು ಮಾತಾಡಲಿಲ್ಲ. ಕೊನೆಗೆ, “ನಾಳೆ ಅದನ್ನೇ ಹಾಕ್ಕೋ. ನಮ್ಮನೆ ರೂಲ್ಸ್ ಮಾಡಿದೋನು ನಾನೇ ತಾನೇ, ತೆಗೆದುಹಾಕೋಕೆ ಕಮಿಟಿ ಏನೂ ಕರೀಬೇಕಾಗಿಲ್ಲ” ಎಂದು ನಕ್ಕರು. ನಾನೂ ನಕ್ಕೆ. ಕಣ್ಣಲ್ಲಿ ನೀರು ಬಂದದ್ದಕ್ಕೆ ಹೊಗೆಯ ಮೇಲೆ ತಪ್ಪು ಹೊರಿಸಿದೆ.

ಮರುದಿನ 2,637 ಮೀಟರ್ ಎತ್ತರದ ದೊಡ್ಡಬೆಟ್ಟಕ್ಕೆ ಹೋದೆವು. “ನೋಡು, ಹೆಸರು ನಮ್ಮ ಕನ್ನಡದಂತೆಯೇ ಇದೆ” ಎಂದು ಮಾವನವರು ಮೊಮ್ಮಗಳಿಗೆ ಪಾಠ ಹೇಳಿದರು. ಅಲ್ಲಿ ತೆಗೆಸಿದ ಫೋಟೋದಲ್ಲಿ ಅವರು ಪಂಚೆಯಲ್ಲಿ, ನಾನು ಚೂಡಿದಾರಿನಲ್ಲಿ. ಉಳಿದ ಎರಡು ರಾತ್ರಿಯೂ ನಮ್ಮ ಊಟ ಆ ಜಮಖಾನದ ಮೇಲೆಯೇ ಆಯಿತು.

2014ರ ಜುಲೈನಲ್ಲಿ ಚೆನ್ನೈನ ಕ್ಲಬ್ಬೊಂದರಲ್ಲಿ ಪಂಚೆ ಉಟ್ಟ ಹೈಕೋರ್ಟ್ ನ್ಯಾಯಾಧೀಶರನ್ನೇ ಬಾಗಿಲಲ್ಲಿ ತಡೆದರು. ದೊಡ್ಡ ಗಲಾಟೆಯಾಗಿ, ಆಗಸ್ಟ್‌ನಲ್ಲಿ ತಮಿಳುನಾಡು ಶಾಸನಸಭೆ ಅಂಥ ತಡೆ ಕೂಡದೆಂದು ಕಾನೂನನ್ನೇ ಮಾಡಿತು. ಮಾವನವರು ಆ ಸುದ್ದಿಯನ್ನು ಕತ್ತರಿಸಿ ಪಂಚಾಂಗದೊಳಗೆ ಇಟ್ಟುಕೊಂಡರು. “ಸರ್ಕಾರಕ್ಕಿಂತ ನಾನೇ ಒಂದು ವರ್ಷ ಮುಂದೆ” ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಯಾವುದರಲ್ಲಿ ಮುಂದೆ ಎಂದು ಯಾರಿಗೂ ತಿಳಿಯುತ್ತಿರಲಿಲ್ಲ, ನನ್ನೊಬ್ಬಳಿಗೆ ಹೊರತು.

ಸೋದರಿಯರೇ, ನೀವೂ ಇಂಥ ಕ್ಲಬ್ಬಿಗೆ ಹೋಗುವುದಾದರೆ ಉಡುಪಿನ ನಿಯಮ, ಊಟದ ವೇಳೆ ಎರಡನ್ನೂ ಮೊದಲೇ ವಿಚಾರಿಸಿಕೊಳ್ಳಿ. ಸಸ್ಯಾಹಾರಿಗಳಾದರೆ ಕ್ಯಾರಮೆಲ್ ಕಸ್ಟರ್ಡಿನಲ್ಲಿ ಮೊಟ್ಟೆ ಇರುತ್ತದೆಂಬುದು ನೆನಪಿರಲಿ. ಉಣ್ಣೆಯ ಕಾಲುಚೀಲ, ಒಂದು ಡಬ್ಬಿ ಚಟ್ನಿಪುಡಿ ಮರೆಯಬೇಡಿ.

ಮಾವನವರು ಈಗಿಲ್ಲ. ಮಗಳು ದೊಡ್ಡವಳಾಗಿದ್ದಾಳೆ. ಮಂಡಿಯ ಹತ್ತಿರ ಹರಿದ ಜೀನ್ಸ್ ತೊಟ್ಟು ಅವಳು ಹೊರಟಾಗ “ನಮ್ಮಲ್ಲಿ ಅದು ಪದ್ಧತಿ...” ಎಂದು ನಾನೂ ಬಾಯಿ ತೆರೆಯುತ್ತೇನೆ. ಬಾಗಿಲಲ್ಲಿ ನಿಂತ ಆ ಬಿಳಿ ಪಂಚೆ ಕಣ್ಣ ಮುಂದೆ ಬರುತ್ತದೆ. “ಊಟದ ಹೊತ್ತಿಗೆ ಬಂದುಬಿಡೇ” ಎಂದಷ್ಟೇ ಹೇಳಿ ಒಳಗೆ ಹೋಗುತ್ತೇನೆ.