ನಿಂತುಹೋದ ಮಾಡೆಲ್, ನಿಲ್ಲಬಾರದ ಗಾಡಿ

1/9
ಈ ಸಲದ ಸರಣಿ ಸ್ವಲ್ಪ ಉದ್ದ. ಸೇವ್ ಮಾಡ್ಕೊಂಡು ನಿಧಾನಕ್ಕೆ ಓದ್ರಿ.

ಪ್ರಶ್ನೆ ಇಷ್ಟೇ. ಕಂಪನಿಯೇ ತಯಾರಿಸೋದು ನಿಲ್ಲಿಸಿದ ಎಸ್‌ಯುವಿಯನ್ನ ಮನೆ ಮಂದಿಗೆ ಅಂತ ಸೆಕೆಂಡ್ ಹ್ಯಾಂಡ್ ತಗೋಬಹುದಾ, ಬ್ಯಾಡಾ? ರಾಯಚೂರಲ್ಲಿ ಯಾರನ್ನ ಕೇಳಿದ್ರೂ ಎರಡೇ ಉತ್ತರ. ಒಂದು, "ಅರ್ಧ ರೇಟಿಗೆ ಆನಿ ಸಿಗ್ತದ, ತಗೊಂಡ್ಬಿಡ್ರಿ." ಇನ್ನೊಂದು, "ಸ್ಪೇರ್ ಸಿಗಂಗಿಲ್ಲ, ಹಾಳಾಗಿ ಹೋಗ್ತೀರಿ." ಎರಡಕ್ಕೂ ಲೆಕ್ಕ ಯಾರೂ ಕೊಡೋದಿಲ್ಲ.

ನಮ್ಮ ಮನೆಯಲ್ಲಿ ಅಪ್ಪ, ಅವ್ವ, ನಾನು, ಪಿಯು ಎರಡನೇ ವರ್ಷದ ತಮ್ಮ. ಅಜ್ಜಿ ಇರೋದು ದೇವದುರ್ಗ ತಾಲ್ಲೂಕಿನ ಹಳ್ಳಿಯಲ್ಲಿ. ಅಕಿಗೆ ಮೊಣಕಾಲು ನೋವು, ಬಿಪಿ. ತಿಂಗಳಿಗೊಮ್ಮೆ ರಾಯಚೂರಿಗೆ ಡಾಕ್ಟರ್ ಹತ್ರ ಬರಬೇಕು. ಸೋದರತ್ತೆ ಮಾನ್ವಿಯಲ್ಲಿ. ಅಪ್ಪ ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯೋರು. ಕೂಡಿಸಿಟ್ಟ ದುಡ್ಡಲ್ಲಿ ಗಾಡಿಗೆ ಅಂತ ತೆಗೆದದ್ದು 5 ಲಕ್ಷ. ತಮ್ಮನ ಮುಂದಿನ ವರ್ಷದ ಫೀಸು ಬೇರೆ, ಅದನ್ನ ಮುಟ್ಟಂಗಿಲ್ಲ.

"ಬಿಕಾಂ ಓದಾಕತ್ತಿಯಲ್ಲ, ಈ ಲೆಕ್ಕ ನೀನೇ ಹಾಕವ್ವ" ಅಂದ್ರು ಅಪ್ಪ. ಹಾಕಿದೆ. ಅದೇ ಇದು.

2/9
ಮೊದಲು "ನಿಂತುಹೋಗಿದೆ" ಅನ್ನೋ ಮಾತನ್ನ ಬಿಡಿಸಿ ನೋಡೋಣ. ಎಲ್ಲಾ ಗಾಡಿ ಒಂದೇ ಥರ ನಿಲ್ಲೋದಿಲ್ಲ.

ಒಂದು, ಕಂಪನಿಯೇ ಮಾರಾಟ ಬಿಟ್ಟು ಹೋಗೋದು. ಷೆವರ್ಲೆ 2017ರಲ್ಲಿ ಭಾರತದಲ್ಲಿ ಮಾರಾಟ ನಿಲ್ಲಿಸ್ತು. ಫೋರ್ಡ್ 2021ರ ಸೆಪ್ಟೆಂಬರಲ್ಲಿ ಇಲ್ಲಿ ಕಾರು ತಯಾರಿಸೋದನ್ನ ಬಿಡ್ತೀವಿ, ಸರ್ವಿಸ್ ಮುಂದುವರಿಸ್ತೀವಿ ಅಂತ ಹೇಳ್ತು.

ಎರಡು, ಕಂಪನಿ ಇದೆ, ಮಾಡೆಲ್ ಮಾತ್ರ ಹೋಗಿದೆ. ಮಹೀಂದ್ರಾ ಎಕ್ಸ್‌ಯುವಿ500 ಬಂದಿದ್ದು 2011ರಲ್ಲಿ, 2021ರಲ್ಲಿ ಎಕ್ಸ್‌ಯುವಿ700ಗೆ ಜಾಗ ಬಿಟ್ಟು ಹೋಯ್ತು. ರೆನೋ ಡಸ್ಟರ್ ಬಂದಿದ್ದು 2012ರ ಜುಲೈಯಲ್ಲಿ, ಆ ಹಳೇ ಮಾಡೆಲ್ ನಿಂತಿದ್ದು 2022ರಲ್ಲಿ.

ಮೂರು, ಮಾಡೆಲ್ ಹೋದ್ರೂ ಎಂಜಿನ್ ಬೇರೆ ಗಾಡಿಗಳಲ್ಲಿ ಉಳಿದಿರೋದು. ಬಾಡಿ ಸತ್ತರೂ ಹೃದಯ ಓಡ್ತಾ ಇರ್ತದೆ ಅನ್ನಬಹುದು.

ಹಳೇ ಗಾಡಿಗೆ ಹೆಚ್ಚು ಬೇಕಾಗೋದು ಎಂಜಿನ್, ಕ್ಲಚ್, ಸಸ್ಪೆನ್ಷನ್ ಸಾಮಾನು. ಹೆಡ್‌ಲೈಟು, ಬಂಪರು, ಬಾಗಿಲು ಬೇಕಾಗೋದು ಡಿಕ್ಕಿ ಹೊಡೆದಾಗ. ಮಾಡೆಲ್ ನಿಂತರೆ ಮೊದಲು ಕಷ್ಟ ಆಗೋದು ಈ ಎರಡನೇ ಗುಂಪಿಗೆ. ಇದನ್ನ ತಲೆಯಲ್ಲಿ ಇಟ್ಕೊಳ್ರಿ, ಮುಂದೆ ಬೇಕಾಗ್ತದೆ.

3/9
ಅಪ್ಪನ ಮನಸ್ಸು ಎಕ್ಸ್‌ಯುವಿ500 ಮೇಲೆ. 7 ಸೀಟು, 2.2 ಲೀಟರ್ ಡೀಸೆಲ್, ಮದುವೆ ಮನೆ ಮುಂದೆ ನಿಲ್ಲಿಸಿದ್ರೆ ನಾಕು ಮಂದಿ ತಿರುಗಿ ನೋಡ್ತಾರ.

ನಾನು ಒಂದು ಹಳೇ ನೋಟ್‌ಬುಕ್ಕಲ್ಲಿ ಹಿಂದಿನ ವರ್ಷದ ಓಡಾಟ ಬರೆದೆ. ಯಾವತ್ತು, ಎಲ್ಲಿಗೆ, ಎಷ್ಟು ಜನ. ಊರಿಗೆ, ಮಾನ್ವಿಗೆ, ಮಂತ್ರಾಲಯಕ್ಕೆ, ಎರಡು ಸಲ ಹೈದರಾಬಾದಿಗೆ. ಊರ ಹೊರಗೆ ಹೆಚ್ಚುಕಮ್ಮಿ 4,500 ಕಿ.ಮೀ. ಸ್ವಂತ ಗಾಡಿ ಇದ್ರೆ ಊರೊಳಗೆ ಇನ್ನೊಂದು 2,000. ಒಟ್ಟು 6,500.

ಐದಕ್ಕಿಂತ ಹೆಚ್ಚು ಜನ ಹೋಗಿದ್ದು ವರ್ಷಕ್ಕೆ 5 ದಿನ. ಆ 5 ದಿನಕ್ಕೆ 365 ದಿನ 7 ಸೀಟು ಹೊತ್ಕೊಂಡು ತಿರುಗಬೇಕಾ? ಎಕ್ಸ್‌ಯುವಿಯ ಟೈರು 17 ಇಂಚು. ಮೂರನೇ ಸಾಲು ಎತ್ತಿಟ್ರೆ ಹಿಂದೆ ಸಾಮಾನಿಗೆ ಜಾಗ ತೀರಾ ಕಮ್ಮಿ. ಅಂದ್ರೆ 7 ಜನ ಕೂತ ದಿನ ಅಜ್ಜಿಯ ಜೋಳದ ಚೀಲ ಎಲ್ಲಿಡೋದು? ಡಸ್ಟರ್ 5 ಸೀಟಿಂದು, ಹಿಂದೆ 475 ಲೀಟರ್ ಜಾಗ.

ನೋಟ್‌ಬುಕ್ ತೋರಿಸಿದೆ. ಅಪ್ಪ ಎರಡು ಸಲ ಓದಿ, "ಆ 5 ದಿನ ಬಾಡಿಗಿ ಕ್ರೂಸರ್ ಹೇಳೂನು ಬಿಡು" ಅಂದ್ರು. ಮೊದಲನೇ ಹೆಸರು ಹೋಯ್ತು.

4/9
ಈಗ ಕ್ಲಾಸಲ್ಲಿ ನಿದ್ದೆ ಹೊಡೆದೋರೆಲ್ಲ ಎದ್ದು ಕೂಡ್ರಿ, ಡಿಪ್ರಿಸಿಯೇಷನ್!

ಆದಾಯ ತೆರಿಗೆ ಲೆಕ್ಕದಲ್ಲಿ, ಬಾಡಿಗೆಗೆ ಓಡಿಸದೆ ವ್ಯವಹಾರಕ್ಕೆ ಬಳಸೋ ಕಾರಿಗೆ ಸವಕಳಿ ವರ್ಷಕ್ಕೆ 15%, ಉಳಿದ ಮೌಲ್ಯದ ಮೇಲೆ. 12 ಲಕ್ಷದ ಗಾಡಿ ಅಂತ ಇಟ್ಕೊಳ್ರಿ. 3 ವರ್ಷಕ್ಕೆ 7.37 ಲಕ್ಷ. 5 ವರ್ಷಕ್ಕೆ 5.32. 8 ವರ್ಷಕ್ಕೆ 3.27.

ಮೊದಲ 3 ವರ್ಷದಲ್ಲಿ ಕರಗಿದ್ದು 4.63 ಲಕ್ಷ. ಆರನೇ ವರ್ಷದಿಂದ ಎಂಟನೇ ವರ್ಷದ ತನಕ ಕರಗಿದ್ದು 2.05 ಲಕ್ಷ. ದೊಡ್ಡ ನಷ್ಟ ಮೊದಲನೇ ಮಾಲೀಕರೇ ತಿಂದಿರ್ತಾರೆ. ಹಳೇ ಗಾಡಿ ಕೊಳ್ಳೋರ ಲಾಭ ಇಷ್ಟೇ, ಇದರಲ್ಲಿ ಮ್ಯಾಜಿಕ್ ಏನೂ ಇಲ್ಲ.

ಪುಸ್ತಕದ ಬೆಲೆಯೇ ಬಜಾರಿನ ಬೆಲೆ ಅಲ್ಲ. ನಮ್ಮ ಕಡೆ ಡೀಸೆಲ್ ಗಾಡಿಗೆ ಬೇಡಿಕೆ ಜಾಸ್ತಿ, ರೇಟು ಪುಸ್ತಕ ಕೇಳಲ್ಲ. ಹಂಗಂತ ಡೀಸೆಲ್ ಅಂದ ಕೂಡಲೇ ಉಳಿತಾಯ ಅಂತಲೂ ಅನ್ಕೋಬೇಡ್ರಿ. 6,500 ಕಿ.ಮೀ.ಗೆ ಲೀಟರಿಗೆ 15 ಕೊಟ್ರೆ, 90 ರೂಪಾಯಿ ಲೆಕ್ಕದಲ್ಲಿ ವರ್ಷಕ್ಕೆ 39,000. ಪೆಟ್ರೋಲ್ ಗಾಡಿ ಲೀಟರಿಗೆ 12 ಕೊಟ್ರೆ, 103 ರೂಪಾಯಿ ಲೆಕ್ಕದಲ್ಲಿ 56,000 ಹತ್ತಿರ. ವ್ಯತ್ಯಾಸ 17,000. ಡೀಸೆಲ್ ಎಂಜಿನ್ನಿನ ಒಂದು ದೊಡ್ಡ ರಿಪೇರಿ ಬಂದ್ರೆ ಎರಡು ವರ್ಷದ ಉಳಿತಾಯ ಅಲ್ಲೇ ಹೋಯ್ತು.

5/9
ಹಂಗಾದ್ರೆ ಡಸ್ಟರ್ ಡೀಸೆಲ್ ಯಾಕೆ ನೋಡಿದ್ವಿ? ಎಂಜಿನ್ ಸಲುವಾಗಿ.

1.5 ಲೀಟರ್ ಡೀಸೆಲ್, ಹೆಸರು ಕೆ9ಕೆ. 85 ಪಿಎಸ್‌ಗೆ 5 ಗೇರು, 110 ಪಿಎಸ್‌ಗೆ 6 ಗೇರು. ಇದೇ ಎಂಜಿನ್ನಿನ ಕುಟುಂಬ ನಿಸ್ಸಾನ್ ಟೆರಾನೋ, ಸನ್ನಿ, ಮೈಕ್ರಾದಲ್ಲಿದೆ, ರೆನೋ ಲಾಡ್ಜಿಯಲ್ಲಿದೆ, ಮಹೀಂದ್ರಾ ಲೋಗನ್, ವೆರಿಟೋದಲ್ಲೂ ಇದೆ. ವೆರಿಟೋ ಅಂದ್ರೆ ಟ್ಯಾಕ್ಸಿಯವರು ಕಣ್ಣುಮುಚ್ಚಿ ಓಡಿಸಿದ ಗಾಡಿ. ಅದನ್ನ ಬಿಚ್ಚಿ ಜೋಡಿಸಿದ ಮಿಸ್ತ್ರಿಗೆ ಇದು ಹೊಸದಲ್ಲ. ಎರಡನೇ ಭಾಗದಲ್ಲಿ ಹೇಳಿದ "ಮೂರನೇ ಥರ" ಇದೇ.

ಇದರಲ್ಲಿ ಮರೀಲೇಬಾರದ್ದು ಟೈಮಿಂಗ್ ಬೆಲ್ಟ್. ಚೈನ್ ಅಲ್ಲ, ರಬ್ಬರ್ ಬೆಲ್ಟ್. ಓಡುವಾಗ ಹರಿದ್ರೆ ವಾಲ್ವು ಪಿಸ್ಟನ್ನಿಗೆ ಬಡೀತದೆ, ಎಂಜಿನ್ ಬಿಚ್ಚೋದೇ ಗತಿ. ಕಂಪನಿ ಹೇಳಿದ ಕಿ.ಮೀ. ಅಥವಾ ವರ್ಷ, ಯಾವುದು ಮೊದಲು ಬರ್ತದೋ ಆಗ ಬದಲಿಸಬೇಕು. ಕಮ್ಮಿ ಓಡಿದ ಗಾಡಿ ಅಂತ ಖುಷಿಪಡೋರು "ವರ್ಷ" ಅನ್ನೋ ಪದ ಓದೋದೇ ಇಲ್ಲ. ಬದಲಿಸಿದ ಬಿಲ್ ಇಲ್ಲ ಅಂದ್ರೆ, ಬದಲಿಸಿಲ್ಲ ಅಂತಲೇ ಲೆಕ್ಕ ಹಿಡಿದು ಆ ದುಡ್ಡನ್ನ ರೇಟಲ್ಲಿ ಕಳೀರಿ.

ರೆನೋ ಕಂಪನಿ ಕ್ವಿಡ್, ಟ್ರೈಬರ್, ಕೈಗರ್ ಮಾರ್ತಾನೇ ಇದೆ. ಅಂದ್ರೆ ಕೇಳೋಕೆ ಒಂದು ಬಾಗಿಲು ಉಳಿದಿದೆ. ಟೆರಾನೋ ಇದರ ಅಣ್ಣತಮ್ಮನೇ, ಅದನ್ನೂ ಪಟ್ಟಿಗೆ ಸೇರಿಸ್ರಿ.

6/9
ರಸ್ತೆ ವಿಷಯ. ಡಸ್ಟರ್‌ನ ಗ್ರೌಂಡ್ ಕ್ಲಿಯರೆನ್ಸ್ 205 ಮಿ.ಮೀ. ದೇವದುರ್ಗದ ಒಳರಸ್ತೆಯ ತಗ್ಗಿಗೆ, ಮಾನ್ವಿ ಕಡೆ ಕಾಲುವೆ ಪಕ್ಕದ ದಾರಿಗೆ ಸಾಕು. ಆದ್ರೆ ಎಸ್‌ಯುವಿ ಅಂದ ತಕ್ಷಣ ಹೊಲಕ್ಕೆ ಇಳಿಸಬ್ಯಾಡ್ರಿ. ಡಸ್ಟರ್‌ನಲ್ಲಿ ಹೆಚ್ಚಿನವು ಮುಂದಿನ ಎರಡು ಗಾಲಿಗೆ ಮಾತ್ರ ಬಲ ಇರೋವು, ನಾಲ್ಕೂ ಗಾಲಿಯದ್ದು 2014ರಿಂದ ಬಂತು, ಅದೂ 110 ಪಿಎಸ್‌ನಲ್ಲಿ. ಮಳೆ ಬಿದ್ದ ಎರೆ ಮಣ್ಣು ಟೈರಿಗೆ ಮೆತ್ತಿಕೊಂಡ್ರೆ 205 ಆದ್ರೇನು, 305 ಆದ್ರೇನು, ಟ್ರ್ಯಾಕ್ಟರೇ ಬರಬೇಕು.

ಸೇಫ್ಟಿ. 2017ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಭಾರತದ ಡಸ್ಟರ್‌ನ ಗುದ್ದಿಸಿ ನೋಡ್ತು. ಏರ್‌ಬ್ಯಾಗ್ ಇಲ್ಲದ್ದಕ್ಕೆ ದೊಡ್ಡವರ ರಕ್ಷಣೆಯಲ್ಲಿ ಸೊನ್ನೆ ಸ್ಟಾರ್. ಡ್ರೈವರ್ ಏರ್‌ಬ್ಯಾಗ್ ಇದ್ದದ್ದಕ್ಕೆ 3 ಸ್ಟಾರ್. ಒಂದೇ ಹೆಸರು, ಒಂದೇ ಬಣ್ಣ, ಒಳಗೆ ಎರಡು ಬೇರೆ ಗಾಡಿ. ಅದಕ್ಕೇ ವೇರಿಯಂಟ್ ಕೇಳದೆ ರೇಟ್ ಮಾತಾಡಬೇಡ್ರಿ. ಕೀ ತಿರುಗಿಸಿದಾಗ ಏರ್‌ಬ್ಯಾಗ್ ದೀಪ ಹತ್ತಿ ಆರಬೇಕು. ಹತ್ತದಿದ್ರೂ ತೊಂದರೆ, ಆರದಿದ್ರೂ ತೊಂದರೆ.

ಕೊನೇದು ಅಜ್ಜಿ ಟೆಸ್ಟ್. ಅಜ್ಜಿ ರಾಯಚೂರಿಗೆ ಬಂದಾಗ ಪರಿಚಯದವರ ಡಸ್ಟರ್‌ನಲ್ಲಿ ಕೂಡ್ರಿಸಿದ್ವಿ. ಸೀಟು ತೀರಾ ಕೆಳಗೂ ಇಲ್ಲ, ಬಸ್ಸಿನ ಮೆಟ್ಟಿಲಷ್ಟು ಎತ್ತರನೂ ಇಲ್ಲ. ಬಾಗಿಲು ಹಿಡಿದು, ಮೊದಲು ಕೂತು, ಆಮೇಲೆ ಕಾಲು ಒಳಗೆ ತಗೊಂಡಳು. "ಕುಂಡ್ರಾಕ ಆಗ್ತದ. ಇಳಿಯಾಕ ನೀ ಕೈ ಕೊಡಬೇಕು" ಅಂದಳು. ಪಾಸ್.

7/9
ಗಾಡಿ ನೋಡೋಕೆ ಹೊರಟ್ವಿ. ನಾನು ಕೇಳಿದ ಪ್ರಶ್ನೆಗೆಲ್ಲ ಬ್ರೋಕರುಗಳು ಉತ್ತರ ಹೇಳ್ತಿದ್ದದ್ದು ಅಪ್ಪನ ಮುಖ ನೋಡಿ! ಹುಡುಗಿಯರೇ, ನೀವು ಕೇಳೋದು ಬಿಡಬ್ಯಾಡ್ರಿ.

ಮೊದಲನೇದು ತೆಲಂಗಾಣ ನಂಬರಿಂದು. ಗಡಿ ಹತ್ತಿರ ಇರೋದ್ರಿಂದ ನಮ್ಮಲ್ಲಿ ಇವು ಬಹಳ, ರೇಟೂ ಕಮ್ಮಿ. ಆದ್ರೆ ಅಲ್ಲಿಂದ ಎನ್‌ಒಸಿ ತರಬೇಕು, ಇಲ್ಲಿ ಲೈಫ್ ಟ್ಯಾಕ್ಸ್ ಕಟ್ಟಬೇಕು, ಹೊಸ ಕೆಎ ನಂಬರ್ ತಗೋಬೇಕು. 12 ತಿಂಗಳಿಗಿಂತ ಹೆಚ್ಚು ಇನ್ನೊಂದು ರಾಜ್ಯದಲ್ಲಿ ಇಟ್ಕೊಂಡ್ರೆ ನಂಬರ್ ಬದಲಿಸಲೇಬೇಕು ಅಂತ ಕಾಯ್ದೆ. ಎಲ್ಲಾ ಕೂಡಿಸಿದ್ರೆ ಅಗ್ಗದ ಗಾಡಿ ಅಗ್ಗ ಉಳೀಲಿಲ್ಲ. ದಿಲ್ಲಿ ನಂಬರಿನ ಡೀಸೆಲ್ ಗಾಡಿಗೂ ಇದೇ ಮಾತು. ಅಲ್ಲಿ 10 ವರ್ಷ ದಾಟಿದ ಡೀಸೆಲ್‌ಗೆ ನಿರ್ಬಂಧ ಬಂದ ಮೇಲೆ ಇತ್ತ ಹರಿದು ಬಂದವು ಅವು.

ಎರಡನೇದು ಮಾನ್ವಿಯಲ್ಲಿ. ಮೀಟರ್ 68,000 ತೋರಿಸ್ತಿತ್ತು. ಕ್ಲಚ್ ಪೆಡಲ್ಲಿನ ರಬ್ಬರ್ ಸವೆದು ನುಣ್ಣಗಾಗಿತ್ತು. ಡ್ಯಾಶ್‌ಬೋರ್ಡಿನ ಖಾನೆಯಲ್ಲಿ 2021ರ ಒಂದು ಸರ್ವಿಸ್ ಚೀಟಿ, ಅದರಲ್ಲಿ 91,000 ಕಿ.ಮೀ. ಗಾಡಿ ಹಿಂದಕ್ಕೆ ಓಡಿತ್ತಾ? ನಾವು ಚಾ ಕುಡಿದು ಎದ್ದು ಬಂದ್ವಿ.

ಮೂರನೇದು ರಾಯಚೂರಲ್ಲೇ, ಒಬ್ಬ ಮೇಷ್ಟ್ರು ಇಟ್ಟಿದ್ದು. ಕೆಎ-36, 2017ರ 85 ಪಿಎಸ್, ಎರಡು ಏರ್‌ಬ್ಯಾಗ್, ಒಬ್ಬರೇ ಮಾಲೀಕರು, 84,000 ಕಿ.ಮೀ., ಎಲ್ಲಾ ಬಿಲ್ ಪ್ಲಾಸ್ಟಿಕ್ ಫೈಲಲ್ಲಿ. ಟೈಮಿಂಗ್ ಬೆಲ್ಟಿನ ಬಿಲ್ ಮಾತ್ರ ಇಲ್ಲ. "ಇನ್ನೂ ಮಾಡ್ಸಿಲ್ಲಮ್ಮ" ಅಂತ ಅವರೇ ಹೇಳಿದ್ರು. ಮಧ್ಯಾಹ್ನ 2 ಗಂಟೆಗೆ ನಾಲ್ಕು ಜನ ಕೂತು ಏಸಿ ಹಾಕಿ ಓಡಿಸಿದ್ವಿ. ನಮ್ಮ ಬಿಸಿಲಲ್ಲಿ ಬೆಳಿಗ್ಗೆ ಎಂಟಕ್ಕೆ ಏಸಿ ನೋಡೋದು ವೇಸ್ಟ್. ಮಿಸ್ತ್ರಿ ಕೆಳಗೆ ಮಲಗಿ ನೋಡಿ, "ಮುಂದಿನ ಎರಡು ಟೈರ್, ಬೆಲ್ಟ್, ಬ್ಯಾಟರಿ. ಉಳಿದದ್ದು ಚಂದ ಅದ" ಅಂದ.

8/9
ಕಾಗದ ಪತ್ರ, ಚುಟುಕಾಗಿ:

– ಆರ್‌ಸಿ ಅವಧಿ 15 ವರ್ಷ. 2012ರ ಗಾಡಿಗೆ 2027ಕ್ಕೆ ನವೀಕರಣ, ಫಿಟ್‌ನೆಸ್ ಬರ್ತದೆ. 2017ರದ್ದಕ್ಕೆ 2032. ಈ 5 ವರ್ಷಕ್ಕೂ ಒಂದು ಬೆಲೆ ಇದೆ.
– ಆರ್‌ಸಿಯಲ್ಲಿ ಸಾಲದ ನಮೂದು ಇದ್ರೆ ಬ್ಯಾಂಕಿನ ಎನ್‌ಒಸಿ, ಫಾರ್ಮ್ 35. ಮಾಲೀಕತ್ವ ಬದಲಾವಣೆಗೆ ಫಾರ್ಮ್ 29, 30.
– ಇನ್ಶೂರೆನ್ಸ್ ನಿಮ್ಮ ಹೆಸರಿಗೆ ಮಾಡಿಸೋಕೆ 14 ದಿನದೊಳಗೆ ಅರ್ಜಿ. ನೋ ಕ್ಲೇಮ್ ಬೋನಸ್ ಮಾರಿದವರದ್ದು, ಅದು ಗಾಡಿ ಜೊತೆ ಬರಲ್ಲ.
– ಟೈರಿನ ಮೇಲಿನ ನಾಲ್ಕು ಅಂಕಿ ಓದ್ರಿ. 2319 ಅಂದ್ರೆ 2019ರ 23ನೇ ವಾರ.
– ಬಾಕಿ ಚಲನ್ ಆನ್‌ಲೈನಲ್ಲೇ ನೋಡಬಹುದು.

1930ರ ಸರಕು ಮಾರಾಟ ಕಾಯ್ದೆಯ 16ನೇ ಸೆಕ್ಷನ್ ನೆನಪಿದೆಯಾ? ಕೊಳ್ಳೋರೇ ಹುಷಾರಾಗಿರಬೇಕು ಅನ್ನೋ ತತ್ವ. ಪರೀಕ್ಷೆಯಲ್ಲಿ ಬರೆದು ಮರೆಯೋ ಆ ಉತ್ತರ ಗ್ಯಾರೇಜಲ್ಲಿ ಬೇಕಾಗ್ತದೆ.

9/9
ಈಗ ನಿಜವಾದ ಲೆಕ್ಕ. ಮೇಷ್ಟ್ರು ಕೇಳಿದ್ದು 4.75 ಲಕ್ಷ. ನಾವು 4.20 ಅಂದ್ವಿ. ಅವರು 4.45ಕ್ಕೆ ನಿಂತರು.

ನನ್ನ ಪಟ್ಟಿ: ಬೆಲ್ಟ್, ವಾಟರ್ ಪಂಪ್, ಆಯಿಲ್ 22,000. ಎರಡು ಟೈರ್ 14,000. ಬ್ಯಾಟರಿ 6,000. ಇನ್ಶೂರೆನ್ಸ್, ಹೆಸರು ಬದಲಾವಣೆ 14,000. ಒಟ್ಟು 56,000. 4.45ಕ್ಕೆ ತಗೊಂಡ್ರೆ 5 ಲಕ್ಷ ದಾಟಿ 1,000 ಹೆಚ್ಚು. ಕೈಯಲ್ಲಿ ರಿಪೇರಿಗೆ ಅಂತ ಒಂದು ರೂಪಾಯಿ ಇಲ್ಲ.

"ತಮ್ಮನ ಫೀಸಿನಾಗ ಇಪ್ಪತ್ತೈದು ತೆಗೆಯೂನು, ಆಮೇಲೆ ಹಾಕಿದ್ರಾತು" ಅಂದ್ರು ಅಪ್ಪ. ನಾನು ಬ್ಯಾಡ ಅಂದೆ. ನಿಂತುಹೋದ ಮಾಡೆಲ್ ತಗೊಳ್ಳೋರಿಗೆ ರಿಪೇರಿ ನಿಧಿ ಕೂಡ ಗಾಡಿಯ ಒಂದು ಭಾಗ, ಐದನೇ ಗಾಲಿ ಇದ್ದಂಗೆ. ಅದಿಲ್ಲದೆ ಕೊಂಡ್ರೆ, ಸಾಮಾನು ಬರೋಕೆ ವಾರ, ದುಡ್ಡು ಬರೋಕೆ ತಿಂಗಳು, ಗಾಡಿ ಗ್ಯಾರೇಜಲ್ಲಿ, ಅಜ್ಜಿ ಮತ್ತೆ ಬಸ್ ಸ್ಟ್ಯಾಂಡಲ್ಲಿ. ಅವ್ವ ಒಂದೇ ಮಾತು ಹೇಳಿದಳು: "ಹುಡುಗಿ ಹೇಳಾದು ಕೇಳ್ರಿ." ಎದ್ದು ಬಂದ್ವಿ.

ಹತ್ತು ದಿನಕ್ಕೆ ಮೇಷ್ಟ್ರ ಫೋನ್. 4.30, ಕೊನೇ ಮಾತು. 56,000 ಸೇರಿಸಿದ್ರೆ 4.86. ನಿಧಿಗೆ 14,000 ಉಳೀತು. ಉಳಿದದ್ದಕ್ಕೆ ಅಪ್ಪ ಪೋಸ್ಟಾಫೀಸಲ್ಲಿ ತಿಂಗಳಿಗೆ 1,500ರ ಆರ್‌ಡಿ ತೆಗೆದ್ರು. ಫೀಸಿನ ದುಡ್ಡು ಇದ್ದಲ್ಲೇ ಇದೆ. ಬೆಲ್ಟ್ ಹಾಕಿಸಿದ ಮೇಲೇ ಗಾಡಿ ಊರು ದಾಟಿತು.

ಒಂದು ಮಾತು ಮುಚ್ಚಿಡೋದಿಲ್ಲ. ವರ್ಷಕ್ಕೆ ಡೀಸೆಲ್ 39,000, ಇನ್ಶೂರೆನ್ಸ್ 12,000, ಸರ್ವಿಸ್ ರಿಪೇರಿ 20,000, ಸವಕಳಿ 64,000. ಒಟ್ಟು 1.35 ಲಕ್ಷ. ಅದೇ 4,500 ಕಿ.ಮೀ. ಬಾಡಿಗೆ ಕಾರಲ್ಲಿ ಕಿ.ಮೀ.ಗೆ 14ರಂತೆ ಹೋದ್ರೆ 63,000. ಬಾಡಿಗೆಯೇ ಅಗ್ಗ! ಸ್ವಂತ ಗಾಡಿಗೆ ತಿಂಗಳಿಗೆ 6,000 ಹೆಚ್ಚು ಕೊಡ್ತಿದ್ದೀವಿ. ಇದನ್ನ ಅಪ್ಪನಿಗೂ ತೋರಿಸಿದೆ.

ಅಪ್ಪ ನನ್ನ ನೋಟ್‌ಬುಕ್ ತಿರುಗಿಸಿ ಕೇಳಿದ್ರು, "ಹೋದ ವರ್ಷ ಅಜ್ಜಿ ಎಷ್ಟು ತಿಂಗಳು ಡಾಕ್ಟರ್ ಹತ್ರ ಬರ್ಲಿಲ್ಲ?" ನಾಲ್ಕು ತಿಂಗಳು. ಬಸ್ ಹತ್ತೋಕೆ ಆಗಲ್ಲ ಅಂತ, ಬಾಡಿಗೆ ಕಾರು ದುಬಾರಿ ಅಂತ ಅವಳೇ ಬ್ಯಾಡ ಅಂದಿದ್ಲು. ಹೋದ ಪ್ರಯಾಣಕ್ಕೆ ನನ್ನ ಖಾತೆಯಲ್ಲಿ ಸಾಲು ಇತ್ತು, ಹೋಗದೇ ಉಳಿದ ಪ್ರಯಾಣಕ್ಕೆ ಇರಲಿಲ್ಲ. ಆ 6,000 ಅದಕ್ಕೆ.

ನಿಮ್ಮ ಮನೆಯಲ್ಲಿ ಆ ಸಾಲು ಖಾಲಿ ಇದ್ರೆ ಬಾಡಿಗೆ ಕಾರೇ ಸಾಕು, ದುಡ್ಡು ಉಳಿಸ್ರಿ. ತುಂಬಿದ್ರೆ ಗಾಡಿ ರೇಟು, ಮೊದಲ ವರ್ಷದ ಕೆಲಸ, ರಿಪೇರಿ ನಿಧಿ, ಮೂರನ್ನೂ ಕೂಡಿಸಿ ನಿಮ್ಮ ಮಿತಿಯೊಳಗೆ ಬಂದ್ರೆ ಮಾತ್ರ ಟೋಕನ್ ಕೊಡ್ರಿ.

ನಿಮ್ಮ ಊರಲ್ಲಿ ಯಾವ ನಿಂತುಹೋದ ಗಾಡಿ ಇನ್ನೂ ಗಟ್ಟಿ ಓಡಾಕತ್ತದ? ಕೆಳಗ ಬರೀರಿ.

#ರಾಯಚೂರು #ದೇವದುರ್ಗ #ಮಾನ್ವಿ #ಸೆಕೆಂಡ್‌ಹ್ಯಾಂಡ್ #ಬಿಕಾಂಲೆಕ್ಕ