ನಮ್ಮ ಓಮ್ನಿ ಮತ್ತ ಎಣ್ಣಿ ಪಾಕೀಟಿನ ಹಾಳಿ

ಅಕ್ಕಾರ, ನಮ್ಮ ಹಳೇ ಓಮ್ನಿ ನೀವೆಲ್ಲಾ ನೋಡೀರಿ. 1996ರ ಗಾಡಿ. ಆಗ ಹಾವೇರಿ ಜಿಲ್ಲಾ ಇನ್ನೂ ಆಗಿದ್ದಿಲ್ಲ, ಅದಕ್ಕ ಅದರ ನಂಬರು ಧಾರವಾಡದ್ದು, ಕೆಎ 25. ಹಿಂದಿನ ಸೀಟು ಕಿತ್ತು ಅದನ್ನ ಪಿಕಪ್ ಮಾಡಿಕೊಂಡೀವಿ. ಹಾನಗಲ್ಲಿನಿಂದ ಶಿಗ್ಗಾಂವಿಯ ಖಾನಾವಳಿಗೆ, ಸವಣೂರು, ಹಿರೇಕೆರೂರಿನ ಕಾರ್ಯದ ಮನಿಗೆ ನನ್ನ ರೊಟ್ಟಿ ಹೋಗೂದು ಅದರಾಗ. ಗಾಡಿ ನಿಂತ್ರ ನನ್ನ ಹಂಚೂ ನಿಂತಂಗ.

ಆರಿದ್ರಾ ಮಳಿಯೊಳಗ ಟಾಕಿಗೆ ನೀರು ಹೊಕ್ಕಿತ್ತು. ನೀರು ಪೆಟ್ರೋಲಿಗಿಂತ ಭಾರ, ತಳಕ್ಕ ಕೂಡತೈತಿ. ಟಾಕಿ ಇಳಿಸಿ, ತೊಳದು, ಒಣಗಿಸಿ ಸಾಕಾಗಿ ಹೋತು. ಅದಾದ ಮ್ಯಾಲೆ ಗಾಡಿಗೆ ಹೊಸಾ ರೋಗ. ಎಂಟು ಹತ್ತು ಕಿಲೋಮೀಟರ್ ಛಲೋ ಓಡೂದು, ಆಮ್ಯಾಲೆ ಜಗ್ಗಿ ಜಗ್ಗಿ ನಿಂತು ಬಿಡೂದು. ಅರ್ಧಾ ತಾಸು ರಸ್ತೆದಾಗ ಕುಂತ್ರ ತಾನ ಚಾಲೂ ಆಗೂದು.

ಮಿಸ್ತ್ರಿ ಪ್ಲಗ್ ಬದಲಿಸಿದ, ಫಿಲ್ಟರ್ ಬದಲಿಸಿದ, ಕಾರ್ಬ್ಯುರೇಟರ್ ಬಿಚ್ಚಿ ಊದಿದ. ಅದರೊಳಗ ಒಂದು ಸಣ್ಣ ಬಟ್ಟಲ ಇರತೈತಿ, ಬಟ್ಟಲದಾಗ ತೇಲೂ ಬುರುಡಿ, ಥೇಟ್ ನಮ್ಮ ಮನಿ ಮ್ಯಾಲಿನ ನೀರಿನ ಟಾಕಿಯೊಳಗ ಇದ್ದಂಗ. ಪೆಟ್ರೋಲ್ ತುಂಬಿದ್ರ ಬುರುಡಿ ಎದ್ದು ಬಾಯಿ ಮುಚ್ಚತೈತಿ, ಇಳದ್ರ ತಗೀತೈತಿ. ಎಲ್ಲಾ ಸರಿ ಐತಿ ಅಂದ. ಈಗಿನ ಪೆಟ್ರೋಲಿನಾಗ ಎಥೆನಾಲ್ ಕೂಡಸ್ತಾರ, ಹಳೇ ಗಾಡಿ ರಬ್ಬರ್ ಪೈಪಿಗೆ ಅದು ಆಗಿ ಬರೂದಿಲ್ಲಂತ ಪೈಪೂ ಹೊಸಾದು ಹಾಕಿದ. ಮೂರು ಸಾವಿರದ ಮ್ಯಾಲೆ ಹೋತು. ಗ್ಯಾರೇಜಿನ ಮುಂದ ಭರ್‌ ಅಂತ ಓಡೂದು, ಬಂಕಾಪುರ ದಾಟೂದರಾಗ ನಿಂದರೂದು.

ಇಲ್ಲಿಂದ ಮುಂದ ಹೇಳಾಕ ನನಗ ನಾಚಿಕಿ. ಗಾಡಿ ಹೊಡೀತಿದ್ದವ ನಮ್ಮ ನಾದಿನಿ ಮಗ. ಸವಣೂರಿನಿಂದ ಬಂದು ನಮ್ಮನ್ಯಾಗ ಇದ್ದ. ನಾನು ಒಂದು ಲೆಕ್ಕಾ ಹಿಡಿದಿದ್ದೆ: ಅವ ಟಾಕಿ ತುಂಬಿಸಿಕೊಂಡು ಬಂದ ದಿನಾನ ಗಾಡಿ ಲಗೂ ನಿಂದರತೈತಿ, ಕಡಿಮಿ ಪೆಟ್ರೋಲ್ ಇದ್ದಾಗ ಇನ್ನೊಂದೀಟು ದೂರ ಹೋಗತೈತಿ. ಅಂದ್ರ ಅವ ತರೂ ಪೆಟ್ರೋಲಿನಾಗ ಏನೋ ಐತಿ. ಒಂದಿನಾ ಬಾಯಿ ಬಿಟ್ಟು ಕೇಳೇ ಬಿಟ್ಟೆ, "ಸೀಮಿಎಣ್ಣಿ ಗೀಮಿಎಣ್ಣಿ ಕೂಡಸ್ತಿಯೇನಪಾ? ಉಳದ ರೊಕ್ಕ ಎಲ್ಲಿ ಹೊಂಟೈತಿ?" ಹುಡುಗ ಒಂದು ಮಾತು ಆಡಲಿಲ್ಲ. ಕೀಲಿ ಕಟ್ಟಿ ಮ್ಯಾಲೆ ಇಟ್ಟು ಸವಣೂರಿನ ಬಸ್ ಹತ್ತಿದ.

ಶ್ರಾವಣದಾಗ ಹಿರೇಕೆರೂರಿಗೆ ಕುಬಸದ ಆರ್ಡರ್ ಬಂತು, ನಾನೂರು ರೊಟ್ಟಿ. ಮೊಣಕಾಲು ಬ್ಯಾನಿ ಇಟಗೊಂಡು ನಮ್ಮನಿಯವರೇ ಗಾಡಿ ಹೊಡದ್ರು. ಹಿಂದಿನ ದಿನಾ ನಾನ ನಿಂತು ಟಾಕಿ ತುಂಬಿಸಿದ್ದೆ, ಬ್ಯಾರೆ ಬಂಕಿನಾಗ. ತಿಳವಳ್ಳಿ ಇನ್ನೂ ಮುಂದಿತ್ತು, ಅಷ್ಟರಾಗ ಜಗ್ಗಾಕ ಹತ್ತಿತು. ನಿಂತಿತು.

ಓಮ್ನಿ ಎಂಜಿನ್ ಮುಂದಿನ ಸೀಟಿನ ಕೆಳಗ ಇರತೈತಿ. ಸೀಟು ಎತ್ತಿ, ಕಾರ್ಬ್ಯುರೇಟರಿಗೆ ಹೋಗೂ ಪೈಪ್ ತಗದು ಬಾಟ್ಲಿಗೆ ಹಿಡದ್ರು. ಎಂಜಿನ್ ಆರಿ ತಣ್ಣಗಾದ ಮ್ಯಾಲೆ ನೋಡ್ರಿ ಮತ್ತ, ಬಿಸಿ ಎಂಜಿನ್ ಮ್ಯಾಲೆ ಪೆಟ್ರೋಲ್ ಸಿಡದ್ರ ಕೆಲಸಾ ಕೆಡತೈತಿ. ನಾನು ಸ್ಟಾರ್ಟರ್ ತಿರುವಿದೆ. ನಾಕು ಹನಿ ಬಿತ್ತು, ಅಷ್ಟ. ಟಾಕಿ ತುಂಬ ಪೆಟ್ರೋಲ್ ಐತಿ, ಪೈಪಿಗೆ ಬರವಲ್ದು. ಯಾರರ ಕದ್ದಾರೇನಂತ ನೋಡಾಕ ನಾನು ಟಾಕಿ ಮುಚ್ಚಳ ತಿರುವಿದೆ. ಸುಸ್ಸ್‌ ಅಂತ ಗಾಳಿ ಒಳಗ ಎಳಕೊಂಡಿತು, ಉಸಿರು ಹಿಡದು ಬಿಟ್ಟಂಗ. ನಮ್ಮನಿಯವರು ಅಲ್ಲಿಂದ, "ಮತ್ತೊಮ್ಮಿ ತಿರುವು" ಅಂದ್ರು. ಬಾಟ್ಲಿಗೆ ಪಿಚಕಾರಿ ಹೊಡದಂಗ ಬಂತು ಪೆಟ್ರೋಲ್.

ನನ್ನ ಕೈಯಾಗಿನ ಮುಚ್ಚಳ ಹೊಳ್ಳಿಸಿ ನೋಡಿದೆ. ಒಳಗ ಎಣ್ಣಿ ಪಾಕೀಟಿನ ದಪ್ಪ ಹಾಳಿ. ಮಳಿ ನೀರು ಹೋಗಬಾರದಂತ ನಾನ ದುಂಡಗ ಕತ್ತರಿಸಿ ವಾಶರಿಗೆ ಬಿಗಿ ಕೂಡಿಸಿದ್ದೆ. ಅದರ ಕೆಳಗ ಗಾಳಿ ಆಡೂ ಸಣ್ಣ ತೂತು ಮುಚ್ಚಿ ಹೋಗಿತ್ತು.

ಅಕ್ಕಾರ, ಹದಿನೈದು ಕಿಲೋ ಎಣ್ಣಿ ಡಬ್ಬಿಗೆ ನಾವು ಎರಡು ತೂತು ಹೊಡೀತೀವಿ, ಒಂದ ಹೊಡದ್ರ ಎಣ್ಣಿ ಗುಳುಗುಳು ಅಂದು ನಿಂದರತೈತಿ. ಪೆಟ್ರೋಲ್ ಹೊರಗ ಹೋದಷ್ಟು ಗಾಳಿ ಒಳಗ ಬರಬೇಕಲ್ಲ. ಹೊಸಾ ಹಾಳಿ ಹಂತಾದ್ದರಾಗೂ ಎಲ್ಲೋ ಸಣ್ಣಗ ಗಾಳಿ ಸೋರತಿತ್ತು, ಅದಕ್ಕ ಅರ್ಧಾ ತಾಸು ಕುಂತ್ರ ಚಾಲೂ ಆಗೂದು. ಟಾಕಿ ತುಂಬಿದ್ರ ಒಳಗ ಗಾಳಿ ಇರೂದ ಕಡಿಮಿ, ಲಗೂ ತೀರತೈತಿ, ಲಗೂ ನಿಂದರತೈತಿ. ಗ್ಯಾರೇಜಿಗೆ ಹೋದಾಗೆಲ್ಲಾ ಮೊದಲು ಮುಚ್ಚಳ ತಗದು ಪೆಟ್ರೋಲ್ ಐತೇನಂತ ನೋಡತಿದ್ರು, ಅಲ್ಲೇ ರೋಗ ವಾಸಿ!

ಹಾಳಿ ಕಿತ್ತೆ. ಹಂಸಭಾವಿ ದಾಟಿ ಹಿರೇಕೆರೂರು ಮುಟ್ಟೂತನಕ ಗಾಡಿ ಎಲ್ಲೂ ಒದರಲಿಲ್ಲ. ನಮ್ಮನಿಯವರು ದಾರಿ ಉದ್ದಕ್ಕೂ ಮಾತಾಡಲಿಲ್ಲ. ಊರು ಬಂದ ಮ್ಯಾಲೆ "ಹುಡುಗಗ ಏನ್ ಹೇಳ್ತಿ?" ಅಂತ ಅಷ್ಟ ಕೇಳಿದ್ರು.

ಮರುದಿನಾ ಸವಣೂರಿಗೆ ಹೋದೆ, ಹಾಳಿ ಚೀಲದಾಗ ಇಟಗೊಂಡು. ನಾದಿನಿ ಚಾ ಕೊಟ್ಲು, ಕುಂದರ ಅನ್ನಲಿಲ್ಲ. ಹುಡುಗನ ಮುಂದ ಹಾಳಿ ಇಟ್ಟು ಎಲ್ಲಾ ಹೇಳಿದೆ, ತಪ್ಪು ನಂದ ಅಂತನೂ ಹೇಳಿದೆ. ಅವ ಹಾಳಿ ಎತ್ತಿ ಬೆಳಕಿಗೆ ಹಿಡದು ನೋಡಿದ. "ಟಾಕಿ ತುಂಬಿಸಿದ ದಿನಾ ಲಗೂ ನಿಂದರತಿತ್ತಲ್ಲ ಅತ್ತಿ, ಇದಕ್ಕೇನು?" ಅಂದ. ಅಂದ್ರ ಆ ಲೆಕ್ಕಾ ಅವನೂ ಹಿಡಿದಿದ್ದ. ಹೂಂ ಅಂದೆ. ಮುಂದ ಅವ ಏನೂ ಅನ್ನಲಿಲ್ಲ.

ಬರೂಮುಂದ ಗಾಡಿದು ಎರಡನೇ ಕೀಲಿ ಅವರ ಮಾಡದಾಗ ಇಟ್ಟು ಬಂದೀನಿ. ಎಂಟು ದಿನಾ ಆತು. ನಾದಿನಿ ಅದನ್ನ ಇನ್ನೂ ವಾಪಸ್ ಕಳಿಸಿಲ್ಲ.